ಅಳಬುರುಕರು ಮತ್ತು ಲೆಕ್ಕದ ಮಾಸ್ತರರು

ಬಸ್ಸಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿ ಕೂತ ನನ್ನನ್ನು ನೋಡಿದವರು ನಾನು ಭಜನೆಯನ್ನೋ ಪ್ರವಚನವನ್ನೋ ಕೇಳುತ್ತಿದ್ದೇನೆಂದು ನಂಬುತ್ತಾರೆ. ನನ್ನ ಅವತಾರವೂ ಹಾಗೇ ಇದೆ. ಐವತ್ತಕ್ಕೆ ಹತ್ತಿರದ ವಯಸ್ಸು, ಹಿಂದಕ್ಕೆ ಸರಿಯುತ್ತಿರುವ ಕೂದಲು, ಜೇಬಿನಲ್ಲಿ ಕೆಂಪು ಪೆನ್ನು. ಇರುವುದು ಬನಹಟ್ಟಿಯಲ್ಲಿ, ಕನ್ನಡ ಕಲಿಸುವುದು ಜಮಖಂಡಿಯ ಹೈಸ್ಕೂಲಿನಲ್ಲಿ. ಎರಡೂ ಕಿವಿ ನೆಟ್ಟಗಿದ್ದ ಕಾಲದಲ್ಲಿ ಒಮ್ಮೆ ಪಕ್ಕದ ಸೀಟಿನ ಹಿರಿಯರೊಬ್ಬರು ನನ್ನ ಮೊಣಕೈ ತಟ್ಟಿ ಕೇಳಿದರು: "ಯಾವ ಭಜನಿ ಹಚ್ಚೀರಿ ಸರ? ಮಾರಿ ಮ್ಯಾಲ ಎಷ್ಟ್ ಶಾಂತಿ ಐತ್ರಿ!"

ಬಾಯಲ್ಲಿ ಹೇಳುವುದು ಕಷ್ಟವೆನಿಸಿ ಒಂದು ತುದಿಯನ್ನು ಅವರ ಕಿವಿಗೇ ಕೊಟ್ಟೆ. ಹತ್ತು ಸೆಕೆಂಡು ಕೇಳಿದ್ದಿರಬೇಕು. ಚೇಳು ಕಡಿದವರ ಹಾಗೆ ಕಿತ್ತು ನನ್ನ ಕೈಗಿಟ್ಟರು.

"ಯಾರನ್ನೋ ಬಡ್ಯಾಕತ್ತಾರಲ್ರೀ ಇದರಾಗ! ಬಿಡಸಾಕ ಯಾರೂ ಇಲ್ಲೇನು?"

ಅವರದೇನೂ ತಪ್ಪಿಲ್ಲ. ಗಿಟಾರು ಡ್ರಮ್ಮುಗಳ ಅಬ್ಬರದ ಮೆಟಲ್ ಎಂಬ ಸಂಗೀತವನ್ನು ಮೊದಲ ಸಲ ಕೇಳಿದವರಿಗೆ ಯಾರನ್ನೋ ಬಡಿಯುವುದೇ ಕೇಳಿಸುತ್ತದೆ. ಎರಡನೆಯ ಸಲ ಕೇಳುವ ತಾಳ್ಮೆ ಇದ್ದವರಿಗೆ, ಬಡಿಸಿಕೊಂಡವನು ಏನೋ ಹೇಳುತ್ತಿರುವುದು ಕೇಳಿಸುತ್ತದೆ. ನನಗೆ ಈ ಹುಚ್ಚು ಹತ್ತಿದ್ದು ಧಾರವಾಡದ ಹಾಸ್ಟೆಲಿನಲ್ಲಿ, ಗೆಳೆಯನೊಬ್ಬನ ಕ್ಯಾಸೆಟ್ಟಿನಿಂದ. ಆದರೆ ಕಿವಿ ಹದವಾದದ್ದು ಅದಕ್ಕೂ ಮೊದಲು, ಬನಹಟ್ಟಿಯ ನಮ್ಮ ಮನೆಯಲ್ಲಿ. ಅಡುಗೆಮನೆಯ ಗೋಡೆಯಾಚೆಗೆ ನಾಲ್ಕು ಪವರ್‌ಲೂಮ್ ಮಗ್ಗಗಳು ಓಡುತ್ತಿದ್ದವು. ಆ ಸದ್ದಿನಲ್ಲೇ ಊಟ, ಓದು, ನಿದ್ದೆ. ಕರೆಂಟು ಹೋಗಿ ಮಗ್ಗ ನಿಂತರೆ ತೊಟ್ಟಿಲ ಕೂಸು ಬೆಚ್ಚಿ ಎದ್ದು ಅಳುತ್ತಿತ್ತಂತೆ. ಆ ಕೂಸು ನಾನೇ ಎಂದು ಅವ್ವ ಈಗಲೂ ಹೇಳುತ್ತಾಳೆ.

ಇಂಥ ಸಂಗೀತದ ಚಟವಿರುವವನಿಗೆ ನಮ್ಮ ಕಡೆ ಎರಡು ಕಷ್ಟ. ಕೇಳಿದ್ದರ ಬಗ್ಗೆ ಮಾತಾಡಲು ಯಾರೂ ಸಿಗುವುದಿಲ್ಲ ಎನ್ನುವುದು ಮೊದಲನೆಯದು. ಸಿಕ್ಕರೆ ಅವನು ಎದುರು ಪಕ್ಷದವನಾಗಿರುತ್ತಾನೆ ಎನ್ನುವುದು ಎರಡನೆಯದು. ನನಗೆ ಸಿಕ್ಕವನು ಜಿನ್ನಪ್ಪ.

ಜಿನ್ನಪ್ಪ ತೇರದಾಳದ ಜೈನರ ಮನೆಯವನು. ಬನಹಟ್ಟಿಯಲ್ಲಿ ಅವನದು ಮಗ್ಗದ ಬಿಡಿಭಾಗಗಳ ಅಂಗಡಿ. ಉಳ್ಳಾಗಡ್ಡಿ ಮುಟ್ಟುವುದಿಲ್ಲ, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುತ್ತಾನೆ, ಅಂಗಡಿಯ ಮೆಟ್ಟಿಲ ಮೇಲೆ ಇರುವೆಸಾಲು ಕಂಡರೆ ಗಿರಾಕಿಯನ್ನು ಬಳಸಿಕೊಂಡು ಬರಲು ಹೇಳುತ್ತಾನೆ. ಹನ್ನೆರಡು ವರ್ಷದ ಹಿಂದೆ ಒಂದು ರವಿವಾರ, ನಮ್ಮಣ್ಣನ ಮಗ್ಗಕ್ಕೆ ಲಾಳಿ ತರಲೆಂದು ಹೋದಾಗ ಅವನ ಗಲ್ಲಾಪೆಟ್ಟಿಗೆಯ ಹಿಂದಿನ ಪುಟ್ಟ ಸ್ಪೀಕರಿನಿಂದ ಡ್ರಮ್ಮು ಕೇಳಿಸಿತು. ನಾಲ್ಕಕ್ಕೆ ಮುಗಿಯಬೇಕಾದ ತಾಳ ಮುಗಿಯದೆ ಮುಂದೆ ಹೋಗುತ್ತಿತ್ತು. ಬಂದ ಕೆಲಸ ಮರೆತು ಎಣಿಸತೊಡಗಿದೆ.

"ಏಳು," ಅಂದ ಅವನು, ಲಾಳಿ ಕಾಗದದಲ್ಲಿ ಸುತ್ತುತ್ತಾ. "ಮುಂದ ಹನ್ನೊಂದ ಆಗತೈತಿ. ನಿಂತು ಕೇಳ್ರಿ."

ನಿಂತೆ. ಹಾಡು ಇಪ್ಪತ್ತೆರಡು ನಿಮಿಷದ್ದಿತ್ತು. ಮುಗಿದ ಮೇಲೆ ನಾನು, ಎಲ್ಲಾ ಸರಿ, ಆದರೆ ಇದರಲ್ಲಿ ಮನುಷ್ಯನೆಲ್ಲಿ ಎಂದು ಕೇಳಿದೆ. ನನ್ನ ಪ್ರೀತಿಯ ತಂಡ ಯಾವುದೆಂದು ಅವನು ಕೇಳಿದ. ಹೇಳಿದೆ. ಅವನು ನಕ್ಕ ರೀತಿಯಿಂದಲೇ ನಮ್ಮ ಗೆಳೆತನ ಶುರುವಾಯಿತು. ಒಂದು ವಾರದೊಳಗೆ "ರೀ" ಹೋಗಿ "ಲೇ" ಬಂತು.

ಆ ತಂಡಗಳ ನಿಜವಾದ ಹೆಸರು ಇಲ್ಲಿ ಬೇಡ. ನಮ್ಮೊಳಗೂ ಅವು ಎಂದೋ ಅಳಿಸಿಹೋಗಿವೆ. ಒಬ್ಬನ ತಂಡಕ್ಕೆ ಇನ್ನೊಬ್ಬ ಇಟ್ಟ ಹೆಸರೇ ನಿಂತಿತು. ನನ್ನವರು ಹಾಡಿನ ಮೊದಲರ್ಧ ಪಿಸುಗುಟ್ಟಿ, ಎದೆಯ ದುಃಖವನ್ನೆಲ್ಲ ತೋಡಿಕೊಂಡು, ಕೊನೆಗೆ ಗಂಟಲು ಹರಿಯುವಂತೆ ಕೂಗುವವರು. ಜಿನ್ನಪ್ಪ ಅವರಿಗೆ "ಅಳಬುರುಕರು" ಎಂದು ಹೆಸರಿಟ್ಟ. ಅವನವರು ಐದು, ಏಳು, ಹನ್ನೊಂದು, ಹದಿಮೂರು ಎಂದು ತಾಳ ಬದಲಿಸುತ್ತ, ಒಬ್ಬರನ್ನೊಬ್ಬರು ತಪ್ಪಿಸಿ ಮತ್ತೆ ಒಂದೇ ಕಡೆ ಬಂದು ಕೂಡುವವರು. ನಾನು ಅವರನ್ನು "ಲೆಕ್ಕದ ಮಾಸ್ತರರು" ಎಂದು ಕರೆದೆ.

ಅಲ್ಲಿಂದ ಪ್ರತಿ ರವಿವಾರ ಅವನ ಅಂಗಡಿಯಲ್ಲಿ ವಾದ. ನಮ್ಮ ಗಾಯಕನ ದುಃಖಕ್ಕೆ ಪುರಾವೆ ಏನು ಎಂದು ಅವನು. ನಿಮ್ಮ ಗಿಟಾರಿನವನಿಗೆ ಇಷ್ಟು ಬೆರಳು ಕೊಟ್ಟ ದೇವರು ಹೃದಯ ಯಾಕೆ ಮರೆತ ಎಂದು ನಾನು. ಲಾಳಿಗೆ, ಅದನ್ನು ತಳ್ಳುವ ಪಿಕ್ಕರಿಗೆ ಬಂದ ನೇಕಾರರು ಇದು ಯಾವುದೋ ಆಸ್ತಿಯ ತಕರಾರೆಂದು ತಿಳಿದು ಮೆಲ್ಲಗೆ ಸರಿದು ನಿಲ್ಲುತ್ತಿದ್ದರು. ನನ್ನ ಹೆಂಡತಿ ಶಾಂತಾ ಮಾತ್ರ ಒಂದೇ ಸಲ ಇಬ್ಬರ ಪಕ್ಷವನ್ನೂ ಕೇಳಿ ತೀರ್ಪು ಕೊಟ್ಟಳು: "ಎರಡೂ ಒಂದಽ ಹಾಡು ಅದಾವ. ನೀವು ಇಬ್ರೂ ಸುಳ್ಳ ಜಗಳಾಡತೀರಿ." ಆ ಒಂದು ಮಾತಿನ ವಿರುದ್ಧ ಮಾತ್ರ ನಾವಿಬ್ಬರೂ ಒಟ್ಟಾಗಿ ಹೋರಾಡಿದೆವು.

ನನ್ನ ಪಕ್ಷಕ್ಕೆ ಒಳಗಿನಿಂದಲೇ ಏಟು ಬಿದ್ದದ್ದೂ ಉಂಟು. ಒಂಬತ್ತನೆಯ ತರಗತಿಗೆ ಛಂದಸ್ಸು ಹೇಳುತ್ತಿದ್ದೆ. ಭಾಮಿನಿ ಷಟ್ಪದಿಯ ನಡೆ ಮೂರು-ನಾಲ್ಕು, ಮೂರು-ನಾಲ್ಕು ಎಂದು ಮೇಜಿನ ಮೇಲೆ ಬೆರಳಲ್ಲಿ ಬಡಿದು ತೋರಿಸುತ್ತಿದ್ದವನು ಬಡಿಯುತ್ತಲೇ ಉಳಿದುಬಿಟ್ಟೆ. ಮೂರು ಮತ್ತು ನಾಲ್ಕು ಕೂಡಿದರೆ ಏಳು. ಜಿನ್ನಪ್ಪನ ಅಂಗಡಿಯಲ್ಲಿ ಮೊದಲ ದಿನ ಕೇಳಿದ ಅದೇ ಏಳು! ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಅದನ್ನು ಮನದುಂಬಿ ಓದಿ ತೋರಿಸಿದವನು ನಾನೇ. ಲೆಕ್ಕದೊಳಗೆ ಮನುಷ್ಯನಿಲ್ಲ ಎಂದು ಇನ್ನು ಯಾವ ಬಾಯಿಂದ ಹೇಳಲಿ? ಆದರೂ ಹೇಳುತ್ತಲೇ ಇದ್ದೆ. ವಾದಕ್ಕೆ ಕೂತವನು ತನಗೆ ಗೊತ್ತಿರುವುದನ್ನೆಲ್ಲ ಎದುರಿನವನಿಗೆ ಹೇಳಬೇಕೆಂಬ ಕಾಯಿದೆ ಇಲ್ಲವಲ್ಲ.

ಕಳೆದ ವರ್ಷ ವಾದ ಜಗಳವಾಯಿತು. ತಪ್ಪು ನನ್ನದು. ಅಳಬುರುಕರ ಒಂದು ಹಾಡನ್ನು ಜಿನ್ನಪ್ಪ ನಾಟಕವೆಂದ. ಅಪ್ಪ ತೀರಿಕೊಂಡ ತಿಂಗಳಿನಲ್ಲಿ ನಾನು ದಿನಾಲೂ ಕೇಳಿದ ಹಾಡು ಅದು. ಅವನಿಗೆ ಅದು ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ. ಸಿಟ್ಟಿನಲ್ಲಿ ಇಬ್ಬರು ಗಿರಾಕಿಗಳ ಎದುರಿಗೇ ಅಂದುಬಿಟ್ಟೆ:

"ನೀ ಹಾಡು ಕೇಳೂದಿಲ್ಲಲೇ, ಬಿಡಿಭಾಗ ಎಣಸ್ತಿ. ಸಾಮಾನಿನ ಅಂಗಡಿಯಂವಗ ಇದಕಿಂತ ಹೆಚ್ಚು ಏನ್ ತಿಳೀತೈತಿ?"

ಗಿರಾಕಿಗಳು ನಕ್ಕರು. ಜಿನ್ನಪ್ಪ ಸ್ಪೀಕರು ಆರಿಸಿದ. ಅವನಿಗೆ ಓದಿನಲ್ಲಿ ಬಹಳ ಆಸೆಯಿತ್ತು. ಹದಿನೇಳಕ್ಕೇ ಕಾಲೇಜು ಬಿಟ್ಟು ಆ ಗಲ್ಲೆಯ ಮೇಲೆ ಕೂರಬೇಕಾಗಿ ಬಂದಿತ್ತು. ಅದನ್ನು ಅವನು ನನ್ನೊಬ್ಬನಿಗೇ ಹೇಳಿದ್ದ.

"ಆತು ಮಾಸ್ತರ," ಅಂದ. "ನೀ ಕಲತಾಂವ."

ಅಷ್ಟೇ. ಮರುದಿನವೇ ಹೋಗಿ ತಪ್ಪಾಯಿತು ಅನ್ನಬೇಕಿತ್ತು. ಅನ್ನಲಿಲ್ಲ. ಒಂದು ರವಿವಾರ ತಪ್ಪಿಸಿದರೆ ಎರಡನೆಯದು ಸುಲಭವಾಗುತ್ತದೆ, ಮೂರನೆಯದಕ್ಕೆ ಕಾರಣವೂ ಬೇಕಾಗುವುದಿಲ್ಲ. ಹಾಗೆ ಮೂರು ತಿಂಗಳು ಕಳೆದವು.

ಆಮೇಲೆ ಒಂದು ಮುಂಜಾನೆ ಎದ್ದಾಗ ಎಡಗಿವಿಯಲ್ಲಿ ಹತ್ತಿ ತುರುಕಿದಂತಿತ್ತು. ನನ್ನ ಜಾಣತನ ನೋಡಿ: ಗುಗ್ಗೆ ಕಟ್ಟಿದೆ ಎಂದು ನಾನೇ ತೀರ್ಮಾನಿಸಿ, ಬೆಚ್ಚಗಿನ ಎಣ್ಣೆ ಬಿಟ್ಟುಕೊಂಡು ಐದು ದಿನ ಕಾದೆ. ಜಮಖಂಡಿಯ ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಇದು ಒಳಗಿನ ನರದ ತೊಂದರೆ, ಇಂಥದ್ದಕ್ಕೆ ಆ ದಿನವೇ ಓಡಿ ಬರಬೇಕು ಎಂದು ಮೆತ್ತಗೆ ಗದರಿದರು. ಗುಳಿಗೆ ಕೊಟ್ಟರು, ಇಂಜೆಕ್ಷನ್ನೂ ಆಯಿತು. ಕಿವಿ ಬರಲಿಲ್ಲ.

ದಿನದ ವ್ಯವಹಾರಕ್ಕೆ ಒಂದು ಕಿವಿ ಸಾಕು. ಕ್ಲಾಸಿನಲ್ಲಿ ಎಡಸಾಲಿನ ಗದ್ದಲ ಕೇಳಿಸದೆ ಸುಖವೇ ಆಯಿತು. ಆದರೆ ಬಸ್ಸಿನಲ್ಲಿ ಹಾಡು ಹಚ್ಚಿದ ದಿನ ಕಳೆದುಕೊಂಡದ್ದು ಏನೆಂದು ತಿಳಿಯಿತು. ಅಳಬುರುಕರಲ್ಲಿ ಇಬ್ಬರು ಗಿಟಾರಿನವರು. ಒಬ್ಬನ ಗಿಟಾರು ಬಲಗಿವಿಯಲ್ಲಿ, ಇನ್ನೊಬ್ಬನದು ಎಡಗಿವಿಯಲ್ಲಿ ಬರುವಂತೆ ಹಾಡು ಕೂಡಿಸಿರುತ್ತಾರೆ. ಒಬ್ಬ ಕೇಳುತ್ತಾನೆ, ಇನ್ನೊಬ್ಬ ಉತ್ತರ ಕೊಡುತ್ತಾನೆ. ಇಪ್ಪತ್ತೈದು ವರ್ಷ ಕೇಳಿದ ಆ ಮಾತುಕತೆಯಲ್ಲಿ ಈಗ ಒಬ್ಬನೇ ಉಳಿದಿದ್ದ. ಪ್ರಶ್ನೆ ಬರುತ್ತಿತ್ತು, ಉತ್ತರದ ಜಾಗದಲ್ಲಿ ಏನೂ ಇರಲಿಲ್ಲ. ಇಯರ್‌ಫೋನ್ ಸುತ್ತಿ ಮನೆಯ ಕಪಾಟಿನಲ್ಲಿಟ್ಟೆ. ಯಾರಿಗೂ ಹೇಳಲಿಲ್ಲ. ಬಸ್ಸಿನಲ್ಲಿ ಕಿಟಕಿಯಾಚೆಯ ಕಬ್ಬು ನೋಡುತ್ತ ಹೋಗತೊಡಗಿದೆ.

ಆದರೆ ಶಾಂತಾ ಕಪಾಟು ನೋಡಿದ್ದಳು. ನನಗೆ ತಿಳಿಸದೆ ಜಿನ್ನಪ್ಪನ ಅಂಗಡಿಗೆ ಹೋಗಿ ಹೇಳಿದ್ದಳು. ಅದೇ ದಿನ ಇಳಿಹೊತ್ತಿನಲ್ಲಿ ಅವನು ನಮ್ಮ ಮನೆಗೆ ಬಂದ. ನಾನು ಗಡಬಡಿಸಿ ಎದ್ದೆ. ಅವನು ಕೂರಲಿಲ್ಲ.

"ಯಾವ ಕಿವಿ?" ಅಂದ.

"ಎಡಾ."

"ಪೂರ್ತಿ?"

"ಪೂರ್ತಿ."

"ಬರ್ತೇನ್ರಿ ವೈನಿ, ಊಟದ ಹೊತ್ತಾತು," ಎಂದು ಶಾಂತಾಗೆ ಹೇಳಿ ಹೋಗಿಯೇಬಿಟ್ಟ. ಇಷ್ಟು ಕೇಳಲು ಬಂದನೇ ಎಂದು ನನಗೆ ಬೇಸರವೇ ಆಯಿತು.

ಎಂಟು ದಿನದ ಮೇಲೆ ಮತ್ತೆ ಬಂದ. ಈ ಸಲ ನನ್ನ ಬಲಕ್ಕೆ ಕುರ್ಚಿ ಎಳೆದುಕೊಂಡು ಕೂತು, ನನ್ನ ಮೊಬೈಲು ಇಸಿದುಕೊಂಡು ಏನೋ ತುಂಬಿಸಿದ. "ಇಯರ್‌ಫೋನ್ ತಾ," ಅಂದ. ತಂದೆ. "ಬಲಗಿವಿಗೆ ಹಾಕ್ಕೊ." ಹಾಕಿಕೊಂಡೆ.

ಅಳಬುರುಕರ ಹಾಡು, ನನ್ನ ಅಪ್ಪನ ತಿಂಗಳಿನ ಹಾಡೇ. ಮೊದಲ ಗಿಟಾರು ಪ್ರಶ್ನೆ ಕೇಳಿತು. ನಾನು ಖಾಲಿ ಜಾಗಕ್ಕೆ ಕಾದೆ. ಅಲ್ಲಿ ಉತ್ತರ ಬಂತು! ಎಡಬದಿಯಲ್ಲಿ ಕಳೆದುಹೋಗಿದ್ದವನು ಬಲಬದಿಗೇ ದಾಟಿ ಬಂದು, ಗೆಳೆಯನ ಹೆಗಲಿಗೆ ಹೆಗಲು ಕೊಟ್ಟು ನಿಂತು ನುಡಿಸುತ್ತಿದ್ದ. ನನ್ನ ಕಣ್ಣಲ್ಲಿ ನೀರು ಸುರಿಯತೊಡಗಿತು. ಒರೆಸಿಕೊಳ್ಳುವುದೂ ತಿಳಿಯಲಿಲ್ಲ.

"ನೋಡ್ರಿ ವೈನಿ," ಅಂದ ಜಿನ್ನಪ್ಪ ಅಡುಗೆಮನೆಯ ಕಡೆ ತಿರುಗಿ, "ಇದಕ್ಕಽ ನಾ ಇವರಿಗೆ ಆ ಹೆಸರು ಇಟ್ಟಿದ್ದು."

ಅವನು ಮಾಡಿದ್ದಿಷ್ಟು: ಕಂಪ್ಯೂಟರಿನಲ್ಲಿ ಪ್ರತಿ ಹಾಡಿನ ಎಡ ಬಲಗಳನ್ನು ಬೇರೆ ಮಾಡಿ ಮತ್ತೆ ಒಂದಾಗಿ ಕೂಡಿಸಿದ್ದ. ಸುಮ್ಮನೆ ಕೂಡಿಸಿದರೆ ಕೆಲವು ಕಡೆ ಒಂದು ದನಿ ಇನ್ನೊಂದನ್ನು ನುಂಗಿಬಿಡುತ್ತದಂತೆ. ಅಂಥಲ್ಲಿ ಒಂದನ್ನು ಕೂದಲೆಳೆಯಷ್ಟು ಸರಿಸಿದ್ದ. ಐದು ಆಲ್ಬಮ್ಮು, ಐವತ್ತರ ಮೇಲೆ ಹಾಡು. ಸರಿಯಾಗಿದೆಯೋ ಇಲ್ಲವೋ ಎಂದು ಒಂದೊಂದನ್ನೂ ಪೂರ್ತಿ ಕೇಳಿದ್ದ, ಎಡಗಿವಿಯನ್ನು ಬೆರಳಿನಿಂದ ಮುಚ್ಚಿಕೊಂಡು. ಹನ್ನೆರಡು ವರ್ಷ ಯಾರನ್ನು ಹಂಗಿಸಿದ್ದನೋ ಅವರನ್ನೇ ಎಂಟು ದಿನ!

"ಜಿನ್ನಪ್ಪ," ಅಂದೆ, "ಆವತ್ತು ಅಂಗಡ್ಯಾಗ ನಾ ಅಂದದ್ದು ಭಾಳ ತಪ್ಪಾತು."

"ಅಂದದ್ದು ಖರೇನ ಐತಿ ತಗೋ," ಅಂದ. "ಬಿಡಿಭಾಗ ಎಣಸಾಕ ಬರ್ತಿತ್ತಂತ ಇದು ಮಾಡಾಕ ಬಂತು. ನಿನ್ನಂಗ ಬರೇ ಅಳಕೋತ ಕುಂತಿದ್ರ ಆಗತಿತ್ತೇನು?"

ಶಾಂತಾ ಅವನಿಗೆಂದು ಉಳ್ಳಾಗಡ್ಡಿ ಹಾಕದೆ ಅವಲಕ್ಕಿ ಮಾಡಿ ತಂದಳು. ಹೊತ್ತು ಮುಳುಗುವುದರೊಳಗೆ ಮೂವರೂ ತಿಂದೆವು. ಅಪ್ಪನ ತಿಂಗಳಿನ ಸಂಗತಿಯನ್ನು ಅವತ್ತು ಅವನಿಗೆ ಹೇಳಿದೆ. ಅವನು, "ಮೊದಲಽ ಹೇಳಬೇಕಿಲ್ಲೇನಲೇ," ಅಂದ.

ಮೆಚ್ಚುವ ಗೆಳೆಯರು ನನಗೆ ಸಾಕಷ್ಟು ಜನ ಇದ್ದಾರೆ. ನನ್ನ ಇಷ್ಟಗಳನ್ನು ಅವರು ಪ್ರೀತಿಯಿಂದ ಸಹಿಸುತ್ತಾರೆ, ಕೇಳುವುದಿಲ್ಲ. ನಾನು ಪ್ರೀತಿಸುವುದನ್ನು ಕೊನೆಯವರೆಗೆ ಕೇಳಿದವನು ಅದನ್ನು ಒಪ್ಪದ ಈ ಒಬ್ಬನೇ. ಒಪ್ಪಿಗೆಯನ್ನು ಪ್ರೀತಿಯೆಂದು ತಿಳಿದು ಇಷ್ಟು ವರ್ಷ ಮಕ್ಕಳ ಉತ್ತರಪತ್ರಿಕೆಗಳಿಗೂ ಹಾಗೇ ಅಂಕ ಕೊಟ್ಟೆನೋ ಏನೋ. ಈಗ ನನ್ನ ಅಭಿಪ್ರಾಯವನ್ನು ಅಲ್ಲಗಳೆದು ಬರೆದವರ ಉತ್ತರವನ್ನು ಎರಡು ಸಲ ಓದುತ್ತೇನೆ.

ರವಿವಾರಗಳು ಮತ್ತೆ ಶುರುವಾಗಿವೆ. ಜಿನ್ನಪ್ಪ ಮಾತ್ರ ಮೊದಲಿಗಿಂತ ಅಪಾಯಕಾರಿಯಾಗಿದ್ದಾನೆ. ಮೊದಲು ಅಳಬುರುಕರನ್ನು ಒಟ್ಟಾರೆ ಬೈಯುತ್ತಿದ್ದವನು ಈಗ ಹಾಡು ಹಿಡಿದು, ನಿಮಿಷ ಹಿಡಿದು ಬೈಯುತ್ತಾನೆ. ಮೂರನೆಯ ಆಲ್ಬಮ್ಮಿನ ಐದನೆಯ ಹಾಡಿನಲ್ಲಿ ಡ್ರಮ್ಮಿನವನು ಎಲ್ಲಿ ನಿದ್ದೆ ಹೋದ ಎಂದು ಇಡೀ ಜಿಲ್ಲೆಯಲ್ಲಿ ತಿಳಿದಿರುವುದು ಅವನೊಬ್ಬನಿಗೆ. ನಾನೂ ಸೇಡಿಗೆಂದು ಲೆಕ್ಕದ ಮಾಸ್ತರರನ್ನು ಮೊದಲಿನಿಂದ ಕೇಳುತ್ತಿದ್ದೇನೆ. ಅವರ ಇಪ್ಪತ್ತೆರಡು ನಿಮಿಷದ ಹಾಡನ್ನೂ ಅವನು ನನಗಾಗಿ ಕೂಡಿಸಿ ಕೊಟ್ಟಿದ್ದಾನೆ. ಬಸ್ಸು ಜಮಖಂಡಿ ಮುಟ್ಟುವುದರೊಳಗೆ ಅದು ಮುಗಿಯುತ್ತದೆ. ಹದಿನೆಂಟನೆಯ ನಿಮಿಷದಲ್ಲಿ ಒಬ್ಬ ಮನುಷ್ಯ ಸಿಕ್ಕ ಹಾಗೆ ಅನ್ನಿಸುತ್ತಿದೆ. ಖಾತ್ರಿಯಾಗುವವರೆಗೆ ಅವನಿಗೆ ಹೇಳುವುದಿಲ್ಲ.

ಇನ್ನೊಂದು ಮಾತನ್ನು ಮಾತ್ರ ಎಂದೂ ಹೇಳುವುದಿಲ್ಲ. ಕಳೆದ ತಿಂಗಳು ಹೊಸ ಇಯರ್‌ಫೋನ್ ಕೊಳ್ಳಲು ಮುಧೋಳದ ಒಂದು ಮೊಬೈಲ್ ಅಂಗಡಿಗೆ ಹೋಗಿದ್ದೆ. ಒಂದೇ ಕಿವಿ ಎಂದು ತಿಳಿದ ಅಂಗಡಿಯಾಕೆ ನನ್ನ ಮೊಬೈಲು ತೆಗೆದುಕೊಂಡು, ಸೆಟ್ಟಿಂಗಿನೊಳಗೆ ಹೋಗಿ ಒಂದು ಗುಂಡಿ ತೋರಿಸಿದಳು. "ಇದನ್ನ ಒತ್ರಿ ಸರ, ಎರಡೂ ಕಡೀದು ಒಂದಽ ಕಿವ್ಯಾಗ ಬರತೈತಿ." ಒತ್ತಿದೆ. ಬಂತು. ಎಂಟು ದಿನದ ಕೆಲಸ ಅರ್ಧ ಸೆಕೆಂಡಿನಲ್ಲಿ!

ಮನೆಗೆ ಬಂದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿದೆ. ಗುಂಡಿ ಕೂಡಿಸಿದ್ದರಲ್ಲಿ ಇಬ್ಬರು ಗಿಟಾರಿನವರು ಒಬ್ಬರ ಕಾಲು ಒಬ್ಬರು ತುಳಿಯುತ್ತಿದ್ದರು. ಜಿನ್ನಪ್ಪ ಕೂಡಿಸಿದ್ದರಲ್ಲಿ ಒಬ್ಬರಿಗೊಬ್ಬರು ಜಾಗ ಬಿಟ್ಟು ನಿಂತಿದ್ದರು. ಆ ವ್ಯತ್ಯಾಸ ಹಾಡಿನಲ್ಲಿ ನಿಜವಾಗಿ ಇದೆಯೋ, ನನ್ನ ಉಳಿದ ಕಿವಿ ಪಕ್ಷಪಾತ ಮಾಡುತ್ತಿದೆಯೋ, ಪರೀಕ್ಷಿಸುವ ಮನಸ್ಸಿಲ್ಲ. ಗುಂಡಿಯನ್ನು ಆರಿಸಿಟ್ಟಿದ್ದೇನೆ. ನೀವು ಯಾವಾಗಲಾದರೂ ಬನಹಟ್ಟಿಗೆ ಬಂದರೆ ಜಿನ್ನಪ್ಪನ ಅಂಗಡಿಗೆ ಅವಶ್ಯ ಬನ್ನಿ, ಯಾರ ಪಕ್ಷವನ್ನಾದರೂ ವಹಿಸಿ ವಾದ ಮಾಡಿ. ಗುಂಡಿಯ ಸುದ್ದಿಯನ್ನು ಮಾತ್ರ ಎತ್ತಬೇಡಿ.