ಕಿಟಕಿ ಮುಚ್ಚಿ ಮೀನು ಹುರಿಯುವವರು

ಸಾರ್ವಜನಿಕ ನೀತಿ ಅಂತ ಒಂದು ವಿದ್ಯೆ ಇದೆ. ಊರವರ ಕಷ್ಟಕ್ಕೆ ಎಸಿ ಕೋಣೆಯಲ್ಲಿ ಕೂತು ಇಂಗ್ಲಿಷಿನಲ್ಲಿ ಮರುಗುವುದು ಹೇಗೆಂದು ಅಲ್ಲಿ ಕಲಿಸುತ್ತಾರೆ. ತೃಪ್ತಿ ಅಹಮದಾಬಾದಿನ ಒಂದು ಸಂಸ್ಥೆಯಲ್ಲಿ ಎರಡನೇ ವರ್ಷ ಇದನ್ನೇ ಓದುತ್ತಿದ್ದಳು. ಮರುಗುವುದರಲ್ಲಿ ಅವಳೇ ತರಗತಿಗೆ ಮೊದಲು.

ಓದಿಸುತ್ತಿದ್ದದ್ದು ಅಪ್ಪ ಗಣಪತಿ. ಕುಂದಾಪುರದ ಕಡೆಯವರು, ವಡೋದರಾದ ಗೋರ್ವಾದಲ್ಲಿ ಉಡುಪಿ ಹೋಟೆಲು ಇಟ್ಟುಕೊಂಡವರು. ಬಾಗಿಲ ಮೇಲೆ ಹಸಿರು ಬೋರ್ಡು: ಶುದ್ಧ ಶಾಕಾಹಾರಿ. ಬೋರ್ಡು ಸುಳ್ಳಲ್ಲ, ಆ ಅಡುಗೆಮನೆಗೆ ಮೊಟ್ಟೆಯ ನೆರಳೂ ಬಿದ್ದದ್ದಿಲ್ಲ. ಆದರೆ ಯಜಮಾನರಿಗೆ ಮಾತ್ರ ಮೀನಿಲ್ಲದೆ ಅನ್ನ ಗಂಟಲಲ್ಲಿ ಇಳಿಯದು. ದಿನವಿಡೀ ಊರಿಗೆಲ್ಲ ಇಡ್ಲಿ ಸಾಂಬಾರು ಬಡಿಸಿ, ಮನೆಗೆ ಬಂದು, ವೇರಾವಲ್ ಬಂದರಿನಿಂದ ಬಂದ ಬಂಗುಡೆಯ ಮುಂದೆ ಕೂತರೇ ಅವರಿಗೆ ಊಟ.

ಆ ಊಟಕ್ಕೊಂದು ಶಾಸ್ತ್ರವಿತ್ತು. ಮನೆ ಇದ್ದದ್ದು ಒಂದು ಹೌಸಿಂಗ್ ಸೊಸೈಟಿಯಲ್ಲಿ, ಸೊಸೈಟಿಯೂ ಬೋರ್ಡಿನಷ್ಟೇ ಶುದ್ಧ. ಮೊದಲು ಅಮ್ಮ ಯಶೋದಾ ಕಿಟಕಿಗಳನ್ನೆಲ್ಲ ಎಳೆದು ಚಿಲಕ ಹಾಕಬೇಕು. ಬಾಗಿಲ ಸಂದಿಗೆ ಒದ್ದೆ ಟವೆಲು ತುರುಕಬೇಕು. ಒಂದು ಹಿಡಿ ಅಗರಬತ್ತಿ ಹಚ್ಚಬೇಕು. ಆಮೇಲಷ್ಟೇ ಕಾವಲಿ ಒಲೆಯ ಮೇಲೆ. ಮೇ ತಿಂಗಳ ಸೆಕೆಯಲ್ಲಿ, ಫ್ಯಾನು ಹಾಕಿದರೆ ವಾಸನೆ ಹರಡೀತೆಂದು ಅದನ್ನೂ ಆರಿಸಿ, ಮೂವರೂ ಬೆವರು ಒರೆಸಿಕೊಳ್ಳುತ್ತ ಉಣ್ಣುತ್ತಿದ್ದರು. ಹೊರಗಿನವರಿಗೆ ಈ ಮನೆಯಲ್ಲಿ ದಿನವೂ ಸತ್ಯನಾರಾಯಣ ಪೂಜೆ ಎನಿಸಬೇಕು. ತೃಪ್ತಿಗೆ ಬುದ್ಧಿ ತಿಳಿದಾಗಿನಿಂದಲೂ ಮೀನಿನ ವಾಸನೆಯೆಂದರೆ ಮಲ್ಲಿಗೆ ಅಗರಬತ್ತಿಯ ವಾಸನೆಯೇ.

ಅಹಮದಾಬಾದಿಗೆ ಬಂದ ಮೇಲೆ ಬಾಡಿಗೆ ಮನೆ ಹುಡುಕುವ ಯೋಗ. ಜೊತೆಗೆ ಹುಬ್ಬಳ್ಳಿಯ ಐಶ್ವರ್ಯಾ, ಖಾಸಗಿ ಕಂಪನಿಯೊಂದರಲ್ಲಿ ಕೆಲಸ. ಹೋದ ಹೋದಲ್ಲಿ ದಲ್ಲಾಳಿಗಳದು ಅದೇ ಪ್ರಶ್ನೆ. ಮದುವೆ ಆಗಿಲ್ಲವಾ? ಇಬ್ಬರೇ ಹುಡುಗಿಯರಾ? ವೆಜ್ಜಾ, ನಾನ್‌ವೆಜ್ಜಾ? ಮೊದಮೊದಲು ತೃಪ್ತಿ ಸತ್ಯವನ್ನೇ ಹೇಳಿದಳು. ಸತ್ಯ ಹೇಳಿದ ಕಡೆಯಲ್ಲೆಲ್ಲ ಮನೆ ಆಗತಾನೇ ಬೇರೆಯವರಿಗೆ ಹೋಗಿಬಿಟ್ಟಿರುತ್ತಿತ್ತು. ಏನು ವೇಗ, ಏನು ದಕ್ಷತೆ!

ಕೊನೆಗೆ ಚಾಂದ್‌ಖೇಡಾದ ಒಂದು ಸೊಸೈಟಿಯಲ್ಲಿ ಕಾರ್ಯದರ್ಶಿ ಪ್ರಫುಲ್ಲಾಬೆನ್ "ಯಾವ ಊರು?" ಎಂದಾಗ ಸೋತ ತೃಪ್ತಿಯ ಬಾಯಿಂದ "ಉಡುಪಿ ಕಡೆ" ಎಂದು ಬಂತು. ಪ್ರಫುಲ್ಲಾಬೆನ್ ಮುಖ ತುಪ್ಪದ ದೀಪ ಹಚ್ಚಿದ ಹಾಗೆ ಬೆಳಗಿತು. ಉಡುಪಿ ಎಂದರೆ ದೋಸೆ, ದೋಸೆ ಎಂದರೆ ಶುದ್ಧ, ಶುದ್ಧ ಎಂದರೆ ನಮ್ಮವರು. ಆ ಕಡೆ ಸಮುದ್ರ ಅಂತ ಒಂದಿದೆ, ಅದರಲ್ಲಿ ಜೀವಿಗಳಿವೆ ಎಂಬುದು ಆಕೆಗೆ ಹೊಳೆಯಲೇ ಇಲ್ಲ. ಮುಂದಿನ ಪ್ರಶ್ನೆ ಕೇಳದೆ ಬೀಗದಕೈ ಕೊಟ್ಟರು. ಅಂದಿನಿಂದ ತೃಪ್ತಿ ಆಕೆಯ "ಉಡುಪಿ ಬೇಟಿ". ವಾರಕ್ಕೊಮ್ಮೆ ಕೆಳಗಿನ ಆಕೆಯ ಮನೆಯಿಂದ ಥೇಪ್ಲಾ ಎಂಬ ಬಿಸಿ ಮೆಂತ್ಯ ರೊಟ್ಟಿ ಮೇಲೆ ಬರುತ್ತಿತ್ತು. ತೃಪ್ತಿ ಅದನ್ನು ತಿಂದು, ಬಾಗಿಲು ಹಾಕಿಕೊಂಡು, ಅಮ್ಮ ಕಳಿಸಿದ ಒಣ ಸೀಗಡಿ ಚಟ್ನಿ ನೆಕ್ಕುತ್ತಿದ್ದಳು.

ಹೀಗಿರುವಾಗ ಸಂಸ್ಥೆಯ ಸಂಧ್ಯಾ ಮೇಡಂಗೆ ಒಂದು ಯೋಜನೆ ಹೊಳೆಯಿತು. ವಿದ್ಯಾರ್ಥಿಗಳು ತಮ್ಮ ಬದುಕಿನ ಕಥೆ ಬರೆಯಬೇಕು, ಅದರಲ್ಲಿ ಒಂದು ನೀತಿಯ ಸಮಸ್ಯೆ ಇರಬೇಕು, ಸಂಸ್ಥೆಯ ವೆಬ್‌ಸೈಟಿನಲ್ಲಿ ಫೋಟೋ ಸಮೇತ ಬರುತ್ತದೆ. "ನೋವು ಸ್ವಂತದ್ದಾಗಿರಲಿ, ಆದರೆ ಉದ್ದ ಬೇಡ" ಎಂದರು ಮೇಡಂ. ತರಗತಿಯಲ್ಲಿ ನೋವಿಗಾಗಿ ನೂಕುನುಗ್ಗಲು. ಅಮೋಘ್ ಎಂಬ ಸಿರಿವಂತ ಹುಡುಗ ತನ್ನ ಅಪಾರ್ಟ್‌ಮೆಂಟಿನ ಈಜುಕೊಳ ಎರಡು ವಾರ ಖಾಲಿ ಇದ್ದದ್ದನ್ನು ನೀರಿನ ಹಕ್ಕು ಎಂದು ಬರೆದ. ಪಾಪ, ಒಣಗಿಹೋಗಿದ್ದನಂತೆ.

ತೃಪ್ತಿ ಮನೆ ಹುಡುಕಿದ ಕಥೆ ಬರೆದಳು. ಊರ ಹೆಸರಿನ ಹಿಂದೆ ಅಡಗಿಕೊಂಡದ್ದು, ಒದ್ದೆ ಟವೆಲು, ಅಗರಬತ್ತಿ ಎಲ್ಲ. ಬರೆಯುತ್ತ ಅತ್ತಳು. ಮೇಡಂ ಓದಿ, "ಅದ್ಭುತ! ಎಂಥ ನೋವು!" ಎಂದು ಖುಷಿಯಾದರು. ತೃಪ್ತಿ ಅಪ್ಪನಿಗೆ ಫೋನು ಮಾಡಿದಳು.

"ಹೆಸ್ರ್ ಹಾಕ್ತ್ಯಾ?" ಗಣಪತಿ ಕೇಳಿದರು.

"ಹೌದಪ್ಪ. ಫೋಟೋನೂ."

"ಮಗಾ, ನಿಂಗೆಂತ ಹುಚ್ಚಾ? ಗಣಪತಿ ಮನ್ಯಂಗೆ ಮೀನ್ ತಿಂತ್ರ್ ಅಂತ ಗೊತ್ತಾರೆ ನಾಳಿಂದ ನನ್ ಹೋಟ್ಲಲ್ಲಿ ಒಂದ್ ಚಾ ಕುಡುಕೂ ಯಾರೂ ಬರೂದಿಲ್ಲ. ಹೆಸ್ರ್ ಬ್ಯಾಡ." ಆಮೇಲೆ ದನಿ ತಗ್ಗಿಸಿ, "ನಾವ್ ಎಂತ ಕಳ್ಳತನ ಮಾಡ್ಲಿಲ್ಲ, ಹೌದು. ಆದ್ರೂ ಬ್ಯಾಡ" ಎಂದರು.

ತೃಪ್ತಿ ಹೆಸರು, ಫೋಟೋ ಎರಡನ್ನೂ ತೆಗೆಸಿದಳು. ಲೇಖನ "ಓರ್ವ ವಿದ್ಯಾರ್ಥಿನಿ" ಎಂಬ ಹೆಸರಿನಲ್ಲಿ, ಊರಿನ ಬದಲು "ಅಡುಗೆಗೆ ಹೆಸರಾದ ದಕ್ಷಿಣದ ಪಟ್ಟಣ" ಎಂದು ಬದಲಾಗಿ ಪ್ರಕಟವಾಯಿತು. ಮೊಬೈಲಿನಿಂದ ಮೊಬೈಲಿಗೆ ಹಾರಿತು. ಹಾರುತ್ತ ಹಾರುತ್ತ ಪ್ರಫುಲ್ಲಾಬೆನ್ ಮಡಿಲಿಗೇ ಬಿತ್ತು.

ಆಕೆ ತೃಪ್ತಿಯನ್ನು ಕೆಳಗೆ ಕರೆಸಿಕೊಂಡು ಕೈ ಹಿಡಿದುಕೊಂಡರು. ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. "ಓದು ಬೇಟಾ, ಓದು. ಎಂಥ ಕಟುಕರಿದ್ದಾರೆ! ಒಂದು ಹೆಣ್ಣುಮಗು ಸುಳ್ಳು ಹೇಳಿ ಬದುಕಬೇಕಾ? ತಿನ್ನುವುದು ಅವರವರ ಇಷ್ಟ. ಇವಳು ನನ್ನ ಬಾಗಿಲಿಗೆ ಬಂದಿದ್ದರೆ ನಾನೇ ಮನೆ ಕೊಡುತ್ತಿದ್ದೆ."

ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎಂಬ ಗಾದೆಯನ್ನು ಕರಾವಳಿಯ ಹುಡುಗಿಗೆ ಯಾರಾದರೂ ನೆನಪಿಸಬೇಕೇ? ಬೇಕಾಯಿತು. ಇಷ್ಟು ದಿನ ತಿಂದ ಥೇಪ್ಲಾಗಳೆಲ್ಲ ಒಟ್ಟಿಗೆ ನೆನಪಾಗಿ, ತೃಪ್ತಿ, "ಆಂಟಿ, ಆ ಹುಡುಗಿ ನಾನೇ" ಎಂದುಬಿಟ್ಟಳು.

ಪ್ರಫುಲ್ಲಾಬೆನ್ ಕೈ ಮೆಲ್ಲಗೆ ಅವಳ ಕೈಯಿಂದ ಸರಿಯಿತು. "ಆದರೆ ನೀನು ಉಡುಪಿಯವಳಲ್ವಾ?" ಎಂದರು. ತಮಗೇ ಯಾರೋ ಮೋಸ ಮಾಡಿದ ಹಾಗಿತ್ತು ಆ ದನಿ, ಮತ್ತು ಅದೂ ಸುಳ್ಳಲ್ಲ. ತೃಪ್ತಿಗೆ ನಾಚಿಕೆಯಾಯಿತು.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರಂತೆ. ಪ್ರಫುಲ್ಲಾಬೆನ್ ಒದೆಯುವವರಲ್ಲ, ಸಂಸ್ಕಾರವಂತರು. ಮರುದಿನ ಡಬ್ಬಿಯಲ್ಲಿ ಹಾಂಡ್ವೋ ಎಂಬ ಬಿಸಿ ಖಾರದ ಕಡುಬು ಹಿಡಿದುಕೊಂಡೇ ಬಂದರು. "ನನಗೇನೂ ತೊಂದರೆ ಇಲ್ಲ ಬೇಟಾ. ಬೇರೆಯವರಿಗೆ ಏನು ಹೇಳಲಿ? ತಿಂಗಳ ಕೊನೆಗೆ ಬಿಟ್ಟರೆ ಸಾಕು." ಹೋಗುವಾಗ ತಲೆ ಸವರಿ, ಲೇಖನ ತುಂಬ ಚೆನ್ನಾಗಿತ್ತೆಂದು ಮತ್ತೊಮ್ಮೆ ಹೇಳಿದರು.

"ಹುಚ್ಚಿ! ಯಾಕ ಹೇಳಾಕ ಹೋದಿ?" ಐಶ್ವರ್ಯಾ ಹಣೆ ಬಡಿದುಕೊಂಡಳು. "ನಾನಂತೂ ಹುಟ್ಟಿದಾಗಿಂದ ಮೀನ ಮುಟ್ಟಿಲ್ಲವ್ವಾ. ನನಗ ಮಾತ್ರ ಇರು ಅಂದ್ರು. ಅವರ ಇರು ಅಂದ್ರ ನಾ ಇರಬೇಕೇನ? ಬ್ಯಾರೆ ಮನಿ ನೋಡೂಣು ನಡಿ." ಬೈಯುತ್ತಲೇ ಪೆಟ್ಟಿಗೆ ಕಟ್ಟತೊಡಗಿದಳು. ಹಾಂಡ್ವೋವನ್ನು ಮಾತ್ರ ಬಿಡಲಿಲ್ಲ, ಪೂರ್ತಿ ತಿಂದಳು.

ಸಂಧ್ಯಾ ಮೇಡಂ ವಿಷಯ ತಿಳಿದು ಬಹಳ ಮರುಗಿದರು. ಆಮೇಲೆ, ಇದನ್ನೇ ಎರಡನೇ ಭಾಗವಾಗಿ ಬರೆಯಬಹುದಲ್ಲ ಎಂದರು.

ತೃಪ್ತಿ ಬರೆಯಲಿಲ್ಲ. ಸಾಬರ್‌ಮತಿಯಲ್ಲಿ ರೈಲು ಹತ್ತಿ ಗೋರ್ವಾದ ಮನೆಗೆ ಹೋದಳು. ದಾರಿಯುದ್ದಕ್ಕೂ ಒಂದೇ ಹೆದರಿಕೆ: ಪ್ರಫುಲ್ಲಾಬೆನ್ ಬಾಯಿಂದ ಸುದ್ದಿ ವಡೋದರಾ ತಲುಪಿ ಅಪ್ಪನ ಹೋಟೆಲು ಮುಚ್ಚಿದರೆ? ಮನೆ ಹೋದರೆ ಇನ್ನೊಂದು ಸಿಗಬಹುದು. ಆ ಹೋಟೆಲಿನಲ್ಲಿ ಅಪ್ಪನ ಆಯುಷ್ಯವೇ ಇತ್ತು.

ಮನೆಯಲ್ಲಿ ಅಪ್ಪ ಬೈಯಲಿಲ್ಲ. ಎಲ್ಲ ಕೇಳಿಸಿಕೊಂಡು, ಚೀಲ ಹಿಡಿದು ಹೊರಗೆ ಹೋಗಿ ಬಂಗುಡೆ ತಂದರು. ಅಮ್ಮ ಅಭ್ಯಾಸದಂತೆ ಕಿಟಕಿ ಮುಚ್ಚಿದರು, ಟವೆಲು ಒದ್ದೆ ಮಾಡಿದರು, ಅಗರಬತ್ತಿ ಹಚ್ಚಿದರು. ಕಾವಲಿ ಚುಂಯ್ ಎಂದಿತು. ಹೊಗೆಯಲ್ಲಿ ಮಗಳ ಕಣ್ಣು ಕೆಂಪಾದದ್ದನ್ನು ಗಣಪತಿ ನೋಡಿದರು. ಅದು ಹೊಗೆಯಿಂದ ಮಾತ್ರ ಬಂದ ಕೆಂಪಲ್ಲವೆಂದು ಅವರಿಗೆ ಗೊತ್ತಾಗಿರಬೇಕು. ಎದ್ದು ಹೋಗಿ ಅಡುಗೆಮನೆಯ ಕಿಟಕಿಯ ಚಿಲಕ ಎಳೆದರು. ಕಿಟಕಿ ಕಿರುಗುಟ್ಟಿ ತೆರೆಯಿತು.

"ಅಯ್ಯೋ, ಎಂತ ಮಾಡ್ತ್ರಿ!" ಯಶೋದಾ ಕೂಗಿದರು.

ವಾಸನೆ ಗಾಳಿ ಹಿಡಿದು ಎದುರಿನ ಬಾಲ್ಕನಿಗೆ ಹೋಯಿತು. ಅಲ್ಲಿ ದಿನೇಶ್‌ಭಾಯಿ ಉಯ್ಯಾಲೆಯಲ್ಲಿ ಕೂತಿದ್ದರು. ಸೊಸೈಟಿಯ ಅಧ್ಯಕ್ಷರು, ದಿನಾ ಬೆಳಿಗ್ಗೆ ಗಣಪತಿಯವರ ಹೋಟೆಲಿನಲ್ಲಿ ಇಡ್ಲಿ ತಿನ್ನುವವರು. ಉಯ್ಯಾಲೆ ನಿಂತಿತು.

"ಮೀನು, ದಿನೇಶ್‌ಭಾಯಿ" ಎಂದರು ಗಣಪತಿ, ಅವರು ಕೇಳುವ ಮೊದಲೇ. ಗುಜರಾತಿಯಲ್ಲಿ, ಗಟ್ಟಿಯಾಗಿ.

ದಿನೇಶ್‌ಭಾಯಿ ಆಚೀಚೆ ನೋಡಿ, ಬಗ್ಗಿ, ಸಣ್ಣ ದನಿಯಲ್ಲಿ ಹೇಳಿದರು: "ಗೊತ್ತು ಗಣಪತಿಭಾಯಿ, ನೀವು ಬಂದ ವರ್ಷದಿಂದಲೂ ಗೊತ್ತು. ಇಡೀ ಕಟ್ಟಡಕ್ಕೇ ಗೊತ್ತು. ಕಿಟಕಿ ಹಾಕಿಕೊಳ್ಳಿ. ತೆರೆದಿಟ್ಟರೆ ನನಗೆ ಗೊತ್ತಿದೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ."

ಆಹಾ! ಎರಡು ವರ್ಷ ಎಸಿ ಕೋಣೆಯಲ್ಲಿ ಕೂತು ಕಲಿತದ್ದೆಲ್ಲವೂ ಆ ಒಂದು ಮಾತಿನಲ್ಲಿತ್ತು. ಅಷ್ಟು ವರ್ಷದ ಬೆವರು, ಟವೆಲು, ಅಗರಬತ್ತಿ ಎಲ್ಲ ಗುಟ್ಟು ಕಾಯುವುದಕ್ಕಲ್ಲ, ಗೊತ್ತಿದ್ದವರ ಮರ್ಯಾದೆ ಕಾಯುವುದಕ್ಕೆ. ತೃಪ್ತಿಗೆ ನಗು ಬಂತು, ಜೊತೆಗೆ ಸಿಟ್ಟೂ ಬಂತು. ಅಪ್ಪನ ಬೆನ್ನು ನೋಡಿ ಅಳುವೇ ಬಂತು. ಗಣಪತಿಯವರ ಕೈ ಇನ್ನೂ ಕಿಟಕಿಯ ಮೇಲಿತ್ತು. ಈಗ ಎಳೆದುಕೊಂಡರೆ ನಾಳೆ ಬೆಳಿಗ್ಗೆ ದಿನೇಶ್‌ಭಾಯಿ ಎಂದಿನಂತೆ ಇಡ್ಲಿಗೆ ಬರುತ್ತಾರೆ.

"ಇವತ್ತು ಸೆಕೆ ಭಾರೀ ಇದೆ, ದಿನೇಶ್‌ಭಾಯಿ" ಎಂದರು ಅವರು, ಮತ್ತು ಕೈ ತೆಗೆದರು.

ಬಂದು ಮಗಳ ಪಕ್ಕ ಕೂತು, ಅಗರಬತ್ತಿಗಳನ್ನು ಒಂದೊಂದಾಗಿ ನೀರಿಗದ್ದಿ ಆರಿಸಿದರು. ಯಶೋದಾ ಫ್ಯಾನು ಹಾಕಿ ಮಗಳ ತಟ್ಟೆಗೆ ಮೀನು ಬಡಿಸಿದರು.