ಒಗ್ಗರಣೆ ಸೀದಿದೆ

ಬಸರೀಕಟ್ಟೆಯ ಸುಂದರೇಶನಿಗೆ ಊರಿನಲ್ಲಿ ಒಂದು ಹೆಸರು, ಫೋನಿನಲ್ಲಿ ಇನ್ನೊಂದು. ಊರಿನಲ್ಲಿ ಅವನು ಜೀಪು ಸುಂದರೇಶ. ಎಸ್ಟೇಟಿನ ಆಳುಗಳನ್ನು ಬೆಳಿಗ್ಗೆ ಹತ್ತಿಸಿಕೊಂಡು ಹೋಗಿ ಸಂಜೆ ತಂದು ಇಳಿಸುವುದು ಅವನ ಇಪ್ಪತ್ತೆಂಟು ವರ್ಷದ ಕೆಲಸ. ಫೋನಿನಲ್ಲಿ, ಅಂದರೆ ‘ನಾದ ಬಳಗ’ ಎಂಬ ವಾಟ್ಸಾಪ್ ಗುಂಪಿನಲ್ಲಿ, ಅವನು ಕಿವಿ ಸುಂದರೇಶ. ಜೀಪು ಓಡಿಸುವವರು ಬಸರೀಕಟ್ಟೆಯಲ್ಲಿ ಬೇಕಾದಷ್ಟು ಸಿಗುತ್ತಾರೆ. ಕಿವಿ ಎಂದು ಕರೆಸಿಕೊಂಡವನು ಮೂರು ತಾಲ್ಲೂಕಿಗೆ ಇವನೊಬ್ಬನೇ.

ಈ ಬಳಗದ ವಿಷಯ ಸ್ವಲ್ಪ ಹೇಳಲೇಬೇಕು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಮೂವತ್ತೊಂದು ಜನ ಇದರಲ್ಲಿದ್ದಾರೆ. ಹೆಚ್ಚುಕಮ್ಮಿ ಎಲ್ಲರೂ ಐವತ್ತು ದಾಟಿದವರು, ಎಲ್ಲರಿಗೂ ಒಂದೇ ಹುಚ್ಚು: ಹಳೆಯ ಆಂಪ್ಲಿಫೈಯರ್, ರೆಕಾರ್ಡ್ ಪ್ಲೇಯರ್, ಮರದ ಪೆಟ್ಟಿಗೆಯ ಸ್ಪೀಕರ್. ಯಾವ ವೈರು ಹಾಕಿದರೆ ಯಾರ ದನಿ ಹೇಗೆ ಕೇಳುತ್ತದೆ ಎಂದು ವಾರವಿಡೀ ಕಚ್ಚಾಡುತ್ತಾರೆ. ಭಾನುವಾರ ಮಾತ್ರ ‘ಹೊರಗಿನ ಮಾತಿಗೆ’ ಅವಕಾಶ. ಹೊರಗಿನ ಮಾತು ಎಂದ ಮೇಲೆ ಲೋಕದ ಸುದ್ದಿಯೆಲ್ಲ ಬರಬಹುದಿತ್ತು. ಬರುವುದು ಹೋಟೆಲಿನ ಸುದ್ದಿ ಮಾತ್ರ. ಯಾವ ಹೋಟೆಲಿನ ಗೋಳಿಬಜೆ ಒಳಗೆ ಹಸಿ, ಯಾರ ನೀರುದೋಸೆ ಬಟ್ಟೆಯಷ್ಟು ತೆಳ್ಳಗೆ, ಯಾವ ಊರಿನ ಸೇತುವೆ ಪಕ್ಕ ಬನ್ಸ್ ಬಿಸಿ ಇರುತ್ತದೆ, ಇದೇ. ಮನೆಯ ಸುತ್ತ ಕಾಫಿ ಬೆಳೆದುಕೊಂಡು, ಒಂದು ಲೋಟ ಒಳ್ಳೆಯ ಕಾಫಿಗೆ ಮೂವತ್ತು ಕಿಲೋಮೀಟರ್ ಕಾರು ಓಡಿಸುವ ಜನ ಇವರು. ಇವರಿಗೆ ಏನು ಹೇಳುವುದು!

ಬಳಗದ ಯಜಮಾನರು ಬಾಳೆಹೊನ್ನೂರಿನ ಪ್ರಸನ್ನಕುಮಾರ್. ಹಾರ್ಡ್‌ವೇರ್ ಅಂಗಡಿ, ಮಹಡಿ ಮನೆ, ಮಹಡಿಯ ಮೇಲೆ ಹಾಡು ಕೇಳುವುದಕ್ಕೆಂದೇ ಒಂದು ಕೋಣೆ. ಆರು ವರ್ಷದ ಹಿಂದೆ ಅವರ ಆಂಪ್ಲಿಫೈಯರ್ ಕೆಟ್ಟಾಗ ಯಾರೋ ಸುಂದರೇಶನನ್ನು ಕಳಿಸಿದರು. ಹರೆಯದಲ್ಲಿ ಮೈಕ್‌ಸೆಟ್ಟಿನವರ ಜೊತೆ ತಿರುಗಿ ರಿಪೇರಿ ಕಲಿತವನು ಅವನು. ಮುಚ್ಚಳ ಬಿಚ್ಚುವ ಮೊದಲೇ ಒಂದು ಹಾಡು ಹಾಕಿಸಿ, ಕಣ್ಣು ಮುಚ್ಚಿ ಕೇಳಿ ಹೇಳಿದ:

“ಅನ್ನ ಬೆಂದಿದೆ ಸಾರ್. ಸಾರು ದಪ್ಪ ಆಯ್ತು. ಒಗ್ಗರಣೆ ಬಿದ್ದೇ ಇಲ್ಲ.”

ಪ್ರಸನ್ನಕುಮಾರರು ಬಿದ್ದು ಬಿದ್ದು ನಕ್ಕರು. ಆದರೆ ಅರ್ಥವಾಗದೆ ಇರಲಿಲ್ಲ. ಹಾಡುವವರ ದನಿ ಅನ್ನ, ಕೆಳಗಿನ ಗುಂಯ್ ಎನ್ನುವ ಶಬ್ದ ಸಾರು, ತಾಳದ ಕಿಣಿಕಿಣಿ, ತಂತಿಯ ಚೂಪು, ಇದೆಲ್ಲ ಒಗ್ಗರಣೆ. ಮರುದಿನ ಅವರು ಅದನ್ನು ಬಳಗಕ್ಕೆ ಹಾಕಿದರು. ಅಲ್ಲಿಂದ ಮುಂದೆ ಬಳಗದಲ್ಲಿ ಬೇರೆ ಭಾಷೆಯೇ ಇಲ್ಲ. ಶೃಂಗೇರಿಯ ಅಂಬಿಕಾ ಟೀಚರ್, ಕೊಪ್ಪದ ಹಲ್ಲಿನ ಡಾಕ್ಟರ್ ಕಾರ್ತಿಕ, ಎಲ್ಲರೂ ಈಗ “ಸಾರು ನೀರಾಗಿದೆ”, “ಒಗ್ಗರಣೆ ಸೀದಿದೆ” ಎಂದೇ ಬರೆಯುವುದು. ಚೂಪು ಶಬ್ದ ಅತಿಯಾಗಿ ಕಿವಿ ಚುಚ್ಚಿದರೆ ಒಗ್ಗರಣೆ ಸೀದಿದೆ ಎಂದು ಲೆಕ್ಕ. ಕೊನೆಗೆ ಯಾರಾದರೂ “ಕಿವಿ ಏನಂತಾರೆ?” ಎಂದು ಕೇಳುತ್ತಾರೆ. ಸುಂದರೇಶ ಎರಡು ಮಾತು ಹೇಳುತ್ತಾನೆ. ಅಲ್ಲಿಗೆ ಜಗಳ ಮುಗಿಯಿತು.

ಈ ಎರಡು ಮಾತಿನ ಬೆಲೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನ ಅಪ್ಪ ಗಿಡ್ಡಯ್ಯ ಇಂಥ ಮನೆಗಳ ಅಂಗಳದಲ್ಲೇ ನಿಂತು ಮಾತಾಡಿ ವಾಪಸು ಬಂದವನು. ಮಗ ಸೋಫಾದ ನಡುವೆ ಕುಳಿತುಕೊಳ್ಳುತ್ತಾನೆ, ಏಕೆಂದರೆ ಶಬ್ದ ಸರಿಯಾಗಿ ಕೇಳುವ ಜಾಗ ಅದು. ಅವನು ಕೇಳಿ ಮುಗಿಸುವ ತನಕ ಮನೆಯವರು ಪಿಟ್ಟೆನ್ನದೆ ನಿಂತಿರುತ್ತಾರೆ. ಇದು ಕಿವಿ ಕೊಟ್ಟ ಜಾಗ. ಕಿವಿ ಹೋದರೆ ಜಾಗವೂ ಹೋಗುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮತ್ತು ಕಿವಿ ಹೋಗುತ್ತಿತ್ತು.

ಗೊತ್ತಾದದ್ದು ಹೋದ ಬೇಸಿಗೆಯಲ್ಲಿ. ಮಧ್ಯಾಹ್ನ ಜಗಲಿಯಲ್ಲಿ ಕುಳಿತವನು ಹೆಂಡತಿ ರೇಖಾಳಿಗೆ, “ಈ ವರ್ಷ ಎಂತ, ಜೀರುಂಡೆ ಕೂಗೋದೇ ಇಲ್ವಲ್ಲ” ಎಂದ.

ರೇಖಾ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. “ತಲೆ ಚಿಟ್ಟು ಹಿಡಿಯೋ ಹಾಗೆ ಕೂಗ್ತಾ ಇದಾವಲ್ಲ. ನಿಮ್ಗೆ ಕೇಳಲ್ವ?”

“ತಮಾಷೆ ಮಾಡ್ದೆ ಮಾರಾಯ್ತಿ” ಎಂದು ನಕ್ಕ. ಆಮೇಲೆ ತೋಟದಂಚಿಗೆ ಹೋಗಿ, ಮರಕ್ಕೆ ತಲೆ ಆನಿಸಿ ನಿಂತ. ಏನೂ ಇಲ್ಲ. ಎಲೆ ಅಲ್ಲಾಡುವುದು ಕಾಣುತ್ತಿತ್ತು, ಅಷ್ಟೆ. ಇಪ್ಪತ್ತೆಂಟು ವರ್ಷ ಕೂಗುವ ಜೀಪಿನೊಳಗೆ, ಅದಕ್ಕೆ ಮೊದಲು ಹಾರ್ನ್ ಸ್ಪೀಕರಿನ ಬಾಯೊಳಗೆ ಕಿವಿಯಿಟ್ಟವನಿಗೆ ಇದು ಆಶ್ಚರ್ಯವಾಗಬೇಕಿರಲಿಲ್ಲ. ಆದರೂ ಯಾರೋ ಮನೆಗೆ ನುಗ್ಗಿ ಕದ್ದ ಹಾಗೆ ಅವನಿಗೆ ಸಿಟ್ಟು ಬಂತು.

ಡಾಕ್ಟರ ಬಳಿ ಹೋಗೋಣ ಎಂದರೆ ಕೊಪ್ಪಕ್ಕೇ ಹೋಗಬೇಕು. ಕೊಪ್ಪದಲ್ಲಿ ಬಳಗದವರು ಏಳು ಜನ. ಯಾರಾದರೂ ಕಂಡು, ಕಿವಿ ಸುಂದರೇಶ ಕಿವಿ ತೋರಿಸುವುದಕ್ಕೆ ಕುಳಿತಿದ್ದಾನೆ ಎಂದರೆ ಮುಗಿಯಿತಲ್ಲ! ಹಾಗಾಗಿ ಹೋಗಲಿಲ್ಲ. ನೆನಪಿನ ಮೇಲೆ ಕೆಲಸ ಮಾಡತೊಡಗಿದ. ಬಳಗದಲ್ಲಿ ಕೇಳಿದ್ದಕ್ಕೆ ಉತ್ತರವನ್ನು ಸ್ವಲ್ಪ ತಡಮಾಡಿ ಹೇಳುತ್ತಿದ್ದ. ಇತರರು ಬರೆದದ್ದನ್ನೆಲ್ಲ ಓದಿಕೊಂಡು, ಅದರ ಮೇಲೊಂದು ಅಂದಾಜು ಸೇರಿಸುತ್ತಿದ್ದ. ಪರೀಕ್ಷೆಯಲ್ಲಿ ಪಕ್ಕದವನ ಹಾಳೆ ನೋಡಿ ಬರೆದ ಹಾಗೆ. ಹೊಗಳಿಕೆ ಬರುತ್ತಲೇ ಇತ್ತು, ಅವನಿಗೆ ಮಾತ್ರ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಈ ವರ್ಷ ಜನವರಿಯಲ್ಲಿ ಪ್ರಸನ್ನಕುಮಾರರು ತಮ್ಮ ಹಳೆಯ ಜೋಡಿ ಸ್ಪೀಕರನ್ನು ಅವನ ಮನೆಗೆ ಕಳಿಸಿದರು. “ಒಳಗಿಂದೆಲ್ಲ ಹೊಸ್ತು ಮಾಡು. ಅವಸರ ಇಲ್ಲ. ನಿನ್ನ ಕಿವಿಗೆ ಸರಿ ಕಂಡ ಮೇಲೆ ತಾ” ಎಂದರು. ಆ ಪೆಟ್ಟಿಗೆಗಳ ಹಿಂಬದಿಯಲ್ಲಿ ಒಂದು ತಿರುಗಣೆ ಇರುತ್ತದೆ. ಚೂಪು ಶಬ್ದ ಎಷ್ಟಿರಬೇಕು ಎಂದು ತೀರ್ಮಾನಿಸುವುದು ಅದೇ. ಸುಂದರೇಶ ಹದಿನೈದು ದಿನ ಅದರ ಜೊತೆ ಗುದ್ದಾಡಿದ. ಮುಂಚೆ ಇಂಥ ಪೆಟ್ಟಿಗೆಗೆ ತಿರುಗಣೆಯನ್ನು ಅರ್ಧಕ್ಕಿಂತ ಕೆಳಗೆ ಇಡುತ್ತಿದ್ದ. ಈಗ ಅರ್ಧದಲ್ಲಿ ತಾಳವೇ ಇಲ್ಲ. ಮುಕ್ಕಾಲಿಗೆ ತಂದ, ದೂರದಲ್ಲೆಲ್ಲೋ ಕಿಣಿ ಎಂದಿತು. ಇನ್ನಷ್ಟು ಏರಿಸಿದ. ತಪ್ಪು ಎಂದು ಗೊತ್ತಿತ್ತು. ಆದರೆ ಅಲ್ಲಿ ತಾಳ ಕೇಳುತ್ತಿತ್ತು, ಆ ಖುಷಿ ಬಿಡಲು ಮನಸ್ಸಾಗಲಿಲ್ಲ. ಶನಿವಾರ ಒಯ್ದು ಕೊಟ್ಟು, ಕಾಫಿಗೂ ನಿಲ್ಲದೆ ಹೊರಟುಬಂದ.

ಭಾನುವಾರ ಬೆಳಿಗ್ಗೆ ಬಳಗ ತೆರೆದ. ಬಸರೀಕಟ್ಟೆಯಲ್ಲಿ ಮೆಸೇಜು ಬರುವುದು ಕಂತಿನಲ್ಲಿ. ಅಂಬಿಕಾ ಟೀಚರ್ ಒಂದು ಚಿತ್ರ ಹಾಕಿದ್ದರು. ಅದು ತೆರೆಯದೆ ಬೂದು ಬಣ್ಣದಲ್ಲಿ ಸುತ್ತುತ್ತಲೇ ಇತ್ತು. ಕೆಳಗಿನ ಅಕ್ಷರ ಮಾತ್ರ ಸ್ಪಷ್ಟವಾಗಿತ್ತು.

“ಒಗ್ಗರಣೆ ಸೀದಿದೆ. ಮೊದಲಿನ ಕೈ ಅಲ್ಲ ಇದು.”

ಡಾಕ್ಟರ್ ಕಾರ್ತಿಕ: “ನಂಗೂ ಹಾಗೇ ಅನ್ನಿಸ್ತು ಟೀಚರ್. ಒಂದು ವರ್ಷದಿಂದ ನೋಡ್ತಾ ಇದ್ದೇನೆ.”

ಪ್ರಸನ್ನಕುಮಾರ್: “ಪಾಪ, ವಯಸ್ಸಾಯ್ತು. ಎದುರಿಗೆ ಹೇಳೋದು ಹೇಗೆ?”

ಅಂಬಿಕಾ ಟೀಚರ್: “ಹೇಳಿ ಎಂತ ಪ್ರಯೋಜನ? ಇಷ್ಟು ವರ್ಷ ನಡೀತು. ಇನ್ನು ಬೇರೆ ಕಡೆ ನೋಡ್ಕೊಳ್ಳೋದೇ.”

ಸುಂದರೇಶ ಮೂರು ಸಲ ಓದಿದ. ನಿನ್ನೆ ಸಂಜೆಯೇ ಇವರನ್ನೆಲ್ಲ ಕರೆದು ಸ್ಪೀಕರ್ ಕೇಳಿಸಿರಬೇಕು, ತಾನೂ ಗುಂಪಿನಲ್ಲಿದ್ದೇನೆ ಎಂಬುದನ್ನು ಮರೆತು ಬರೆದಿರಬೇಕು ಎಂದುಕೊಂಡ. ಒಂದು ವರ್ಷದಿಂದ! ಎಲ್ಲರಿಗೂ ಗೊತ್ತಿತ್ತು. ಇವನು ಪಕ್ಕದವನ ಹಾಳೆ ನೋಡಿ ಬರೆಯುತ್ತಿದ್ದುದನ್ನು ಎಲ್ಲರೂ ನೋಡಿಕೊಂಡು, ಪಾಪ ಎಂದು ಸುಮ್ಮನಿದ್ದರು. ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸುಸ್ತಾಯಿತು. ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿತ್ತು ಅವನಿಗೆ. ರೇಖಾ ಬಾವಿಕಟ್ಟೆಯಲ್ಲಿದ್ದಾಗ ಫೋನನ್ನು ಬಾಯಿಯ ಹತ್ತಿರ ಹಿಡಿದು ಬಳಗಕ್ಕೆ ಮಾತಿನಲ್ಲೇ ಕಳಿಸಿದ:

“ನಮಸ್ಕಾರ. ನಾನು ಸುಂದರೇಶ. ನೀವು ಹೇಳಿದ್ದು ಸರಿ ಇದೆ. ಒಗ್ಗರಣೆ ಸೀದದ್ದು ಹೌದು, ನಾನೇ ಸೀಯಿಸಿದ್ದು. ನಂಗೆ ಚೂಪು ಶಬ್ದ ಯಾವ್ದೂ ಕೇಳ್ತಾ ಇಲ್ಲ. ಒಂದು ವರ್ಷ ಆಗ್ತಾ ಬಂತು. ಹೇಳೋಕೆ ಧೈರ್ಯ ಬರ್ಲಿಲ್ಲ. ಪ್ರಸನ್ನ ಸಾರ್, ಸ್ಪೀಕರ್ ಬೇರೆ ಯಾರ ಹತ್ರ ಆದ್ರೂ ತೋರಿಸ್ಕೊಳ್ಳಿ. ಬೇಜಾರಿಲ್ಲ. ಇಷ್ಟು ದಿನ ಸುಳ್ಳು ಹೇಳ್ದೆ, ತಪ್ಪಾಯ್ತು.”

ಕಳಿಸಿದ ಮೇಲೆ ಒಂದು ಕ್ಷಣ ಹಗುರವಾದ ಹಾಗಿತ್ತು. ಆಮೇಲೆ ಅಂಬಿಕಾ ಟೀಚರ ಚಿತ್ರ ತೆರೆದುಕೊಂಡಿತು.

ಸ್ಟೀಲಿನ ಬಟ್ಟಲಲ್ಲಿ ತಿಳಿಸಾರು. ಮೇಲೆ ಕಪ್ಪಗೆ ಕರಟಿದ ಸಾಸಿವೆ, ಕರಿಬೇವು. ಹಿಂದೆ ಕೊಪ್ಪದ ಹೋಟೆಲಿನ ಹಸಿರು ಮೇಜು. ಬಳಗದವರು ವರ್ಷಗಟ್ಟಲೆ ಹೊಗಳಿದ ಅಡುಗೆ ಭಟ್ಟರ ಹೋಟೆಲು ಅದು.

ಭಾನುವಾರ. ಹೊರಗಿನ ಮಾತು.

ಸುಂದರೇಶ ಅಳಿಸಿಹಾಕೋಣ ಎಂದು ಒತ್ತಿದ. ನೆಟ್‌ವರ್ಕು ಆಗಲೇ ಕೈಕೊಟ್ಟಿತ್ತು. ಅದು ಮರಳಿ ಬರುವಷ್ಟರಲ್ಲಿ ಇಪ್ಪತ್ತಾರು ಜನ ಕೇಳಿಯಾಗಿತ್ತು. ಒಬ್ಬರೂ ಒಂದಕ್ಷರ ಬರೆದಿರಲಿಲ್ಲ. ಮಾತಿಗೊಮ್ಮೆ ಕಾಲೆಳೆಯುವ ಜನ, ಈಗ ಒಂದು ನಗುವ ಮುಖವನ್ನೂ ಹಾಕಲಿಲ್ಲ. ಅವನಿಗೆ ಅಳು ಬಂತು. ಜಗಲಿಯಲ್ಲೇ ಕುಳಿತು ಅತ್ತ, ರೇಖಾ ಬಂದದ್ದೂ ತಿಳಿಯಲಿಲ್ಲ. ಅವಳು ಪಕ್ಕದಲ್ಲಿ ಕುಳಿತು, “ನಂಗೆ ಆವತ್ತೇ ಗೊತ್ತಾಯ್ತು. ನೀವೇ ಹೇಳ್ತೀರಿ ಅಂತ ಕಾದೆ” ಎಂದಳು.

ಫೋನು ಬಡಿದುಕೊಂಡಿತು. ಪ್ರಸನ್ನಕುಮಾರ್.

“ಎಂತ ಮಾರಾಯ ನೀನು! ನಾವು ಹೋಟ್ಲು ಭಟ್ರ ವಿಷ್ಯ ಮಾತಾಡಿದ್ದು. ನಿನ್ನ ವಿಷ್ಯ ಯಾರು ಎತ್ತಿದ್ರು?”

“ಈಗ ಗೊತ್ತಾಯ್ತು ಸಾರ್.”

“ಮತ್ತೆ ಸ್ಪೀಕರ್ ಎಷ್ಟು ಚೆನ್ನಾಗಿದೆ! ನಿನ್ನೆಯಿಂದ ಎದ್ದೇ ಇಲ್ಲ ನಾನು ಸೋಫಾದಿಂದ. ಇಷ್ಟು ಒಳ್ಳೇ ಕೆಲ್ಸ ನೀನು ಯಾವತ್ತೂ ಮಾಡಿಲ್ಲ. ಕಿವಿ ಕೇಳಲ್ಲ ಅಂತೀಯಲ್ಲ.”

ಹಿಂದಿನಿಂದ ಅವರ ಮಗಳು ಮೇಘನಳ ದನಿ ಬಂತು. ಕೊಪ್ಪದಲ್ಲಿ ಡಿಗ್ರಿ ಓದುವ ಹುಡುಗಿ. “ಅಪ್ಪ, ನಾನು ನಿನ್ನೆಯಿಂದ ಬಡ್ಕೊತಿದ್ದೇನೆ, ಅದು ಕಿವಿಗೆ ಸೂಜಿ ಹಾಕಿದ ಹಾಗಿದೆ ಅಂತ. ನೀವು ಕೇಳ್ತೀರಾ?”

ಪ್ರಸನ್ನಕುಮಾರರು ಮಗಳನ್ನು ಗದರಿದರು. ಸುಂದರೇಶ ಆ ಮಾತನ್ನು ಹಿಡಿದುಕೊಂಡ. “ಸಾರ್, ನಾನು ಬರ್ತೇನೆ. ಹಾಳು ಮಾಡಿದ್ದನ್ನ ಸರಿ ಮಾಡಿ ಹೋಗ್ತೇನೆ” ಎಂದು ಸಿಕ್ಕಿದ ಬಸ್ಸು ಹತ್ತಿದ.

ಮಹಡಿಯ ಕೋಣೆಯಲ್ಲಿ ಅವನು ಸೋಫಾದ ಕಡೆ ಹೋಗಲಿಲ್ಲ. “ಕೂಸು, ನೀನು ನಡುವೆ ಕೂತ್ಕೊ. ನಾನು ತಿರುಗಿಸ್ತೇನೆ. ಸರಿ ಆದಾಗ ಹೇಳು” ಎಂದು ಪೆಟ್ಟಿಗೆಯ ಹಿಂದೆ ಮಂಡಿಯೂರಿದ. ಪ್ರಸನ್ನಕುಮಾರರು ಒಂದು ಭಜನೆಯ ರೆಕಾರ್ಡು ಹಾಕಿ, ಮಗಳ ಪಕ್ಕ ಕುಳಿತರು. ಇದೆಲ್ಲ ಮಕ್ಕಳಾಟ ಎನ್ನುವ ಮುಖ ಅವರದು.

“ಇಳಿಸಿ” ಎಂದಳು ಮೇಘನ.

ಇಳಿಸಿದ. ಕೊಳಲಿನವನು ಉಸಿರೆಳೆದುಕೊಳ್ಳುವ ಸದ್ದು ಹೋಯಿತು.

“ಇನ್ನೂ ಇಳಿಸಿ ಅಂಕಲ್.”

ಹಾಡುವಾಕೆಯ ಬಾಯಿಂದ ‘ಶ’ಕಾರ ಉದುರಿ ಹೋಯಿತು. ಶಿವ ಎಂದಳೋ ಇವ ಎಂದಳೋ ತಿಳಿಯಲಿಲ್ಲ.

“ಇನ್ನೂ.”

ತಾಳವೂ ಹೋಯಿತು. ಅವನ ಕೈ ಒಂದು ಸಲ ನಿಂತಿತು. ಅಷ್ಟು ದಿನ ಹುಡುಕಿ ತಂದುಕೊಂಡದ್ದು ಅದನ್ನೇ ಅಲ್ಲವೇ? ಮತ್ತೆ ಇಳಿಸಿದ. ಅರ್ಧಕ್ಕಿಂತ ಕೆಳಗೆ, ಮೊದಲು ಯಾವಾಗಲೂ ತಾನೇ ಇಡುತ್ತಿದ್ದ ಜಾಗಕ್ಕೆ ತಿರುಗಣೆ ಬಂದಾಗ ಮೇಘನ ಕಣ್ಣು ಮುಚ್ಚಿಕೊಂಡು, “ಈಗ ಸರಿ. ಈಗ ಎಷ್ಟು ಚಂದ ಇದೆ” ಎಂದಳು.

“ಎಂತದು ಚಂದ?” ಪ್ರಸನ್ನಕುಮಾರರು ರೇಗಿದರು. “ಕಂಬಳಿ ಹೊದ್ಸಿ ಮಲಗ್ಸಿದ ಹಾಗಿದೆ. ತಾಳವೇ ಇಲ್ಲ!”

“ಇದೆಯಲ್ಲ ಅಪ್ಪ. ಇದೋ. ಇದೋ. ಇದೋ” ಎಂದು ಅವಳು ಬೆರಳಿನಿಂದ ಸೋಫಾದ ಕೈ ಮೇಲೆ ತಟ್ಟಿ ತೋರಿಸಿದಳು.

ಸುಂದರೇಶ ಆ ಬೆರಳನ್ನು ನೋಡಿದ. ಬೆರಳು ಬಿದ್ದಾಗಲೆಲ್ಲ ಅಲ್ಲೊಂದು ಶಬ್ದ ಇರಬೇಕು ಎಂದು ಅಂದಾಜು ಮಾಡಿದ. ಆಮೇಲೆ ಪ್ರಸನ್ನಕುಮಾರರನ್ನು ನೋಡಿದ. ಅವರೂ ಕುತ್ತಿಗೆ ಮುಂದೆ ಚಾಚಿಕೊಂಡು ಮಗಳ ಬೆರಳನ್ನೇ ನೋಡುತ್ತಿದ್ದರು.

ಅವನು ಜೇಬಿನಿಂದ ಪೆನ್ನು ತೆಗೆದು ತಿರುಗಣೆಯ ಪಕ್ಕ ಒಂದು ಗೆರೆ ಎಳೆದ. “ಸಾರ್, ಇದನ್ನ ಇನ್ನು ಮುಟ್ಬೇಡಿ. ಸರಿ ಇರೋದು ಇಲ್ಲೇ. ನಮ್ಗೆ ಕೇಳ್ಸೋದಿಲ್ಲ, ಅಷ್ಟೆ.”

“ನಮ್ಗೆ ಅಂದ್ರೆ?”

ಸುಂದರೇಶ ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡ. ರೆಕಾರ್ಡು ಮುಗಿದು ಸುತ್ತುತ್ತಲೇ ಇತ್ತು. ಪ್ರಸನ್ನಕುಮಾರರು ಮಗಳನ್ನು ಕಾಫಿ ಮಾಡಲು ಕೆಳಗೆ ಕಳಿಸಿದರು. ಅವಳು ಮೆಟ್ಟಿಲು ಇಳಿಯುವವರೆಗೆ ಕಾದು, ಎದ್ದು ಬಂದು ಪೆಟ್ಟಿಗೆಯ ಹಿಂದೆ ಅವನ ಪಕ್ಕ ನೆಲದ ಮೇಲೆ ಕುಳಿತರು.

“ಬಳಗದಲ್ಲಿ ನಂದು ಹೇಳ್ಬೇಡ ಮಾರಾಯ” ಎಂದರು.

“ಇಲ್ಲ ಸಾರ್” ಎಂದ ಸುಂದರೇಶ.