ಹೊಳಲ್ಕೆರೆ ಬಸ್ಸಿನ ದೊರೆ

ಚಿತ್ರದುರ್ಗದ ಖಾಸಗಿ ಬಸ್ ನಿಲ್ದಾಣದಲ್ಲಿ ಒಬ್ಬ ಬ್ರಿಟಿಷ್ ಕಲೆಕ್ಟರು ಚೌಕಳಿ ಲುಂಗಿ ಉಟ್ಟು, ಹೆಗಲಿಗೊಂದು ಟವೆಲ್ ಹಾಕಿಕೊಂಡು ಬಸ್ಸಿಗೆ ಜನರನ್ನು ಕೂಗುತ್ತಿದ್ದರು ಎಂದರೆ ಹೊರಗಿನವರು ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಅಲ್ಲೇ ಪೇಪರ್ ಅಂಗಡಿ ಇಟ್ಟುಕೊಂಡು ಮೂವತ್ತು ವರ್ಷ ಆ ಕಲೆಕ್ಟರ ಮುಖ ನೋಡಿಯೇ ಬೆಳಗಿನ ಬೋಣಿ ಮಾಡಿದವನು ನಾನು. ಅವರ ಹೆಸರು ಖಾದರ್ ಸಾಬ್ರು. ಊರಿನವರ ಬಾಯಲ್ಲಿ ದೊರೆ. ಎರಡು ಸಲ ಗಂಟಲು ಸರಿಮಾಡಿಕೊಂಡು, ಎಡಗೈಯನ್ನು ಕಿವಿಗೆ ಹಚ್ಚಿ, "ಹೊಳಲ್ಕೆರೆ, ಹೊಸದುರ್ಗ, ಶ್ರೀರಾಂಪುರ, ಬರ್ರಿ ಬರ್ರಿ" ಎಂದು ಶುರು ಮಾಡಿದರೆ, ಕೋಟೆಯ ಕಡೆಯಿಂದ ಇಳಿಯುತ್ತಿದ್ದ ಮಂಜಿನೊಳಗೆ ಆ ಊರುಗಳೆಲ್ಲ ಒಂದೊಂದಾಗಿ ಎದ್ದು ನಿಂತಂತೆ ಅನಿಸುತ್ತಿತ್ತು. ಶ್ರೀರಾಂಪುರವನ್ನು ಮಾತ್ರ ಕೊಂಚ ಎಳೆಯುತ್ತಿದ್ದರು. ಅದು ಅವರ ಅತ್ತೆಮನೆಯ ಊರು.

ಹುಟ್ಟಿದಾಗ ಅವರು ನನ್ನ ಹಾಗೇ ಕಪ್ಪು. ಮೂವತ್ತು ದಾಟಿದ ಮೇಲೆ ತೊನ್ನು ಕಾಣಿಸಿಕೊಂಡು, ಐದಾರು ವರ್ಷದಲ್ಲಿ ನೆತ್ತಿಯಿಂದ ಹಿಮ್ಮಡಿಯವರೆಗೆ ಬೆಳ್ಳಗಾದರಂತೆ. ಮೈಯೆಲ್ಲ ಮಚ್ಚೆ ಮಚ್ಚೆಯಾಗಿದ್ದ ಕಾಲದಲ್ಲಿ ನಿಲ್ದಾಣದ ಹೋಟೆಲಿನವನು ಅವರಿಗೆಂದೇ ಬೇರೆ ಲೋಟ ಇಟ್ಟಿದ್ದ. ಪೂರಾ ಬೆಳ್ಳಗಾದ ಮೇಲೆ, ಕೋಟೆಯಲ್ಲಿ ಶೂಟಿಂಗಿಗೆ ಬಂದಿದ್ದ ಸಿನಿಮಾದವರು ಆ ಹೋಟೆಲಿನಲ್ಲೇ ಅವರನ್ನು ಕಂಡು, ಬ್ರಿಟಿಷ್ ದೊರೆಯ ಕೋಟು, ಬೂಟು, ಟೋಪಿ ತೊಡಿಸಿ, ಕುದುರೆ ಹತ್ತಿಸಿದರು. ಮಾರನೆಯ ದಿನದಿಂದ ಎಲ್ಲರಿಗೂ ಕೊಡುವ ಲೋಟದಲ್ಲೇ ಅವರಿಗೂ ಟೀ ಬಂತು. ಆ ಹೋಟೆಲಿನವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಸಾಬ್ರಿಗೆ ಇರಲಿಲ್ಲ. "ಬಣ್ಣ ಅಲ್ಲಾ ಕೊಟ್ಟಿದ್ದು, ಟೋಪಿ ಪ್ರೊಡ್ಯೂಸರ್ ಕೊಟ್ಟಿದ್ದು. ನಂದು ಅಂತ ಇರೋದು ಗಂಟಲೊಂದೇ ಬಸಣ್ಣ" ಎನ್ನುತ್ತಿದ್ದರು.

ಸಿನಿಮಾದವರಿಗೆ ಬೇಡವಾಗಿದ್ದದ್ದು ಆ ಗಂಟಲೇ. ಅವರು ಕಲೆಕ್ಟರಾದರು, ಜೈಲರಾದರು, ಪಾದ್ರಿಯಾದರು, ಕತ್ತಿಯಿಂದಲೂ ಗುಂಡಿನಿಂದಲೂ ಎಷ್ಟೋ ಸಲ ಸತ್ತರು. ಒಂದು ಸಲವೂ ಮಾತು ಅವರದಾಗಲಿಲ್ಲ. ಮಾತನ್ನು ಬೆಂಗಳೂರಿನಲ್ಲಿ ಯಾರೋ ದಪ್ಪ ದನಿಯವರು ಆಮೇಲೆ ಸೇರಿಸುತ್ತಿದ್ದರು. ಕ್ಯಾಮೆರಾ ಮುಂದೆ ಸುಮ್ಮನೆ ಬಾಯಿ ಆಡಿಸಿದರೆ ಸಾಕು ಎಂದು ಮೊದಲನೇ ದಿನವೇ ಹೇಳಿದ್ದರಂತೆ. ಬಾಯಿ ಆಡಿಸು ಎಂದರೆ ಬಸ್ ನಿಲ್ದಾಣದ ಮನುಷ್ಯ ಏನು ಆಡಿಸುತ್ತಾನೆ? ಹೊಳಲ್ಕೆರೆ, ಹೊಸದುರ್ಗ, ಶ್ರೀರಾಂಪುರ. ತೆರೆಯ ಮೇಲೆ "ಇವನನ್ನು ಗಲ್ಲಿಗೆ ಹಾಕಿ" ಎಂದು ದನಿ ಗುಡುಗುವಾಗ ಸಾಬ್ರ ತುಟಿ ಹೊಸದುರ್ಗ ದಾಟುತ್ತಿತ್ತು. ಈ ಗುಟ್ಟು ಅವರಿಗೂ ನನಗೂ ಮಾತ್ರ ಗೊತ್ತು. ನಾನು ಕತ್ತಲಲ್ಲಿ ಕೂತು ಒಬ್ಬನೇ ನಗುತ್ತಿದ್ದೆ, ಪಕ್ಕದವರು ಹುಚ್ಚ ಅಂದುಕೊಳ್ಳುತ್ತಿದ್ದರು.

ಒಮ್ಮೆ ಕೋಟೆ ನೋಡಲು ಬಂದ ಬಿಳಿಯ ದಂಪತಿ, ನಮ್ಮವರೇ ಸಿಕ್ಕರು ಎಂದು ಖುಷಿಯಿಂದ ಅವರ ಹತ್ತಿರ ಹೋಗಿ ಇಂಗ್ಲಿಷಿನಲ್ಲಿ ಮಾತಿಗೆ ನಿಂತರು. ಸಾಬ್ರು ಗಂಭೀರವಾಗಿ ತಲೆಯಾಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡು, ಕೊನೆಗೆ ಇಬ್ಬರನ್ನೂ ಹೊಳಲ್ಕೆರೆ ಬಸ್ಸಿನಲ್ಲಿ ಕಿಟಕಿ ಸೀಟು ಹಿಡಿದು ಕೂರಿಸಿಬಿಟ್ಟರು. ಕಂಡಕ್ಟರು ಅವರನ್ನು ಇಳಿಸುವಷ್ಟರಲ್ಲಿ ಸಾಕು ಸಾಕಾಯಿತು.

ಅವರ ಹೆಂಡತಿ ಜೈಬುನ್ ಭಾಬಿಗೆ ಕಣ್ಣು ಕಾಣುವುದಿಲ್ಲ. ಗಂಡನಿಗೆ ಮೊದಲ ಮಚ್ಚೆ ಬೀಳುವ ಮುಂಚೆಯೇ ದೃಷ್ಟಿ ಹೋಗಿತ್ತು. ಹಾಗಾಗಿ ಊರೆಲ್ಲ ಕಂಡ ದೊರೆಯನ್ನು ಆಕೆ ಕಂಡೇ ಇಲ್ಲ. ಆಕೆಯ ಮನಸ್ಸಿನಲ್ಲಿ ಇದ್ದದ್ದು ಬಸ್ಸಿನ ಏಣಿ ಹಿಡಿದು ಜೋತಾಡುತ್ತಾ ಶ್ರೀರಾಂಪುರಕ್ಕೆ ಬರುತ್ತಿದ್ದ ಕರಿಯ ಹುಡುಗ. ಆದರೂ ಗಂಡನ ಸಿನಿಮಾ ಬಂದರೆ ತಪ್ಪದೆ ಹೋಗುತ್ತಿದ್ದರು. ಪಕ್ಕದಲ್ಲಿ ಸಾಬ್ರು ಕೂತು, ಈಗ ಕುದುರೆ ಮೇಲಿದೀನಿ, ಈಗ ಇಳಿದೆ ಎಂದು ಪಿಸುಗುಡುತ್ತಿದ್ದರು. ಭಾಬಿ ಕಿವಿಗೊಟ್ಟು ಕೇಳಿ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು: "ಇದು ನೀವಲ್ಲ ಬಿಡ್ರಿ. ಯಾರೋ ಬೇರೇರು."

ಆ ಮಾತು ಸಾಬ್ರ ಎದೆಗೆ ನಾಟಿತ್ತು. ಎಲ್ಲರೂ ನೋಡಿದ ಸಿನಿಮಾದಲ್ಲಿ ಅವಳೊಬ್ಬಳಿಗೆ ನಾನಿಲ್ಲ, ಸಾಯುವುದರೊಳಗೆ ಒಂದು ಮಾತು ನನ್ನ ದನಿಯಲ್ಲಿ ಅವಳ ಕಿವಿಗೆ ಬೀಳಬೇಕು ಎಂದು ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ಅದೆಷ್ಟು ಸಲ ಹೇಳಿದ್ದರೋ.

ಹೋದ ವರ್ಷ ಆ ಕಾಲ ಬಂತು. ಜೋಗಿಮಟ್ಟಿ ಬೆಟ್ಟದ ಕೆಳಗೆ ಒಬ್ಬ ಹುಡುಗ ಡೈರೆಕ್ಟರು ಸಿನಿಮಾ ತೆಗೆಯುತ್ತಿದ್ದ. ಅವನದು ನಟರ ಮಾತನ್ನು ಶೂಟಿಂಗಿನಲ್ಲೇ ಮೈಕಿನಲ್ಲಿ ಹಿಡಿಯುವ ಪದ್ಧತಿ. ತನ್ನವರೆಲ್ಲ ಹಡಗು ಹತ್ತಿ ಹೋದರೂ ಇಲ್ಲೇ ಉಳಿಯುವ ಮುದಿ ದೊರೆಯ ಪಾತ್ರ ಸಾಬ್ರಿಗೆ. ಮಾತು ಇಷ್ಟೇ: "ನಾನು ಎಲ್ಲಿಗೂ ಹೋಗುವುದಿಲ್ಲ. ನನ್ನ ಊರು ಇದೇ." ಒಂದು ವಾರ ಹಾರ್ನುಗಳ ನಡುವೆ ಅಭ್ಯಾಸ ನಡೆಯಿತು. ಮನೆಯಲ್ಲಿ ಭಾಬಿ ತಿದ್ದಿದರು, ಅಂಗಡಿಯಲ್ಲಿ ನಾನು ತಿದ್ದಿದೆ. ಕೊನೆಗೆ ನನಗೇ ನಿದ್ದೆಯಲ್ಲಿ ಆ ಮಾತು ಬರತೊಡಗಿತು.

ಶೂಟಿಂಗಿಗೆ ನಾನೂ ಹೋದೆ. ಬೆಳಗಿನ ಮಂಜು ಇನ್ನೂ ಮರಗಳ ಬುಡದಲ್ಲೇ ಮಲಗಿತ್ತು. ಬಿಳಿ ಕೋಟು ತೊಟ್ಟು ಕುರ್ಚಿಯಲ್ಲಿ ಕೂತ ಸಾಬ್ರು ಅದೇ ಮಂಜಿನಿಂದ ಮಾಡಿದವರ ಹಾಗೆ ಕಂಡರು. ಎಲ್ಲರೂ ಉಸಿರು ಬಿಗಿಹಿಡಿದರು. ಅಂಥ ನಿಶ್ಶಬ್ದದಲ್ಲಿ ಸಾಬ್ರು ಯಾವತ್ತೂ ಬಾಯಿ ತೆರೆದವರಲ್ಲ. ಎರಡು ಸಲ ಗಂಟಲು ಸರಿಮಾಡಿಕೊಂಡರು, ಎಡಗೈ ತಾನಾಗಿ ಕಿವಿಗೆ ಹೋಯಿತು. ಕೆಟ್ಟಿತಲ್ಲಪ್ಪಾ ಎಂದುಕೊಂಡೆ. ಹೊಳಲ್ಕೆರೆ, ಹೊಸದುರ್ಗ, ಶ್ರೀರಾಂಪುರ ಬೆಟ್ಟಕ್ಕೆ ಬಡಿದು ವಾಪಸು ಬಂದವು. ಎರಡನೇ ಸಲವೂ ಅದೇ. ಮೂರನೇ ಸಲ ಕಣ್ಣಲ್ಲಿ ನೀರು ತುಂಬಿತ್ತು, ಆಗಲೂ ಅದೇ. ಡೈರೆಕ್ಟರು ಒಳ್ಳೆಯವನು. ಮುಖ ಬಹಳ ಚೆನ್ನಾಗಿ ಬಂದಿದೆ, ದನಿ ಆಮೇಲೆ ಬೇರೆಯವರ ಹತ್ತಿರ ಸೇರಿಸಿಕೊಳ್ಳುತ್ತೇವೆ ಎಂದು ಕೈಮುಗಿದ.

ವಾಪಸು ಬರುವಾಗ ಆಟೋದಲ್ಲಿ ಟವೆಲಿನಿಂದ ತುಟಿ ಒರೆಸಿಕೊಳ್ಳುತ್ತಲೇ ಇದ್ದರು. ಆಮೇಲೆ, "ಈ ಬಾಯಿ ನನ್ನ ಮಾತು ಕೇಳಲ್ಲ ಬಸಣ್ಣ, ಬಸ್ಸಿಂದೇ ಆಗೋಗೈತೆ. ಅವ್ಳಿಗೆ ಹೇಳ್ಬ್ಯಾಡ್ರಿ" ಅಂದರು. ಮನೆಯ ಬಾಗಿಲಲ್ಲಿ ಕಾಯುತ್ತಿದ್ದ ಭಾಬಿಗೆ ಒಂದೇ ಸಲಕ್ಕೆ ಸರಿಹೋಯಿತು ಎಂದು ಹೇಳಿದರು. ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಚಳಿಗಾಲ ಮುಗಿಯುವ ಮುಂಚೆಯೇ ಸಾಬ್ರು ಹೋಗಿಬಿಟ್ಟರು. ಎದೆನೋವು ಎಂದು ಮಲಗಿದವರು ಏಳಲಿಲ್ಲ. ಆವತ್ತು ಶ್ರೀರಾಂಪುರದ ಬಸ್ಸು ಅರ್ಧ ಖಾಲಿ ಹೊರಟಿತು.

ಭಾಬಿ ಮನೆಯೊಳಗೇ ಇರಬೇಕಾದ ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಮುಗಿಯುವುದಕ್ಕೂ ಸಿನಿಮಾ ಬರುವುದಕ್ಕೂ ಸರಿಹೋಯಿತು. ಅವರ ದನಿ ಕೇಳಬೇಕು, ಕರ್ಕೊಂಡು ಹೋಗ್ರಿ ಎಂದು ಹೇಳಿಕಳಿಸಿದರು. ಮ್ಯಾಟಿನಿಗೆ ಹೋದೆವು, ಇದ್ದದ್ದು ಹತ್ತು ಹನ್ನೆರಡು ಜನ. ಮಂಜು ಬಂತು, ಮರ ಬಂದವು, ಬಿಳಿ ಕೋಟಿನ ಸಾಬ್ರು ಬಂದರು. ಈಗ ಬಂದ್ರು, ಭಾಬಿ ಎಂದೆ. ಆಕೆ ಬುರ್ಖಾದ ಅಂಚನ್ನು ಕಿವಿಯಿಂದ ಸರಿಸಿದರು. ಯಾರದೋ ನುಣುಪು ದನಿ, "ನಾನು ಎಲ್ಲಿಗೂ ಹೋಗುವುದಿಲ್ಲ. ನನ್ನ ಊರು ಇದೇ" ಎಂದಿತು.

ಭಾಬಿ, "ಇದೂ ಅವರಲ್ಲ" ಅಂದರು.

ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ದನಿ ಬೇರೆಯವರದು ಭಾಬಿ, ಆದರೆ ತುಟಿ ಅವರದೇ, ಅಲ್ಲಿ ಅವರು ನಿಜವಾಗಿ ಹೇಳುತ್ತಿರುವುದು ಹೊಳಲ್ಕೆರೆ, ಹೊಸದುರ್ಗ, ಶ್ರೀರಾಂಪುರ ಎಂದೆ. ಕಲೆಕ್ಟರಾದಾಗಲೂ ಅದೇ, ಜೈಲರಾದಾಗಲೂ ಅದೇ, ಗುಂಡು ತಿಂದು ಬೀಳುವಾಗಲೂ ಕೊನೆಯ ಮಾತು ಶ್ರೀರಾಂಪುರವೇ ಎಂದೆ.

"ಎಲ್ಲಾ ಪಿಚ್ಚರ್‌ನಾಗೂ ನಮ್ಮೂರಿಗೇ ಕರೀತಿದ್ರಾ?"

ಹೂಂ ಎಂದೆ. ಆಕೆ ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯಲಿಲ್ಲ. ತೆರೆಯ ಮೇಲೆ ಮುದಿ ದೊರೆ ಮಂಜಿನೊಳಗೆ ನಡೆದುಹೋಗುತ್ತಿದ್ದರು.

"ಒಂದ್ಸಲ ಕೂಗ್ರಿ ಬಸಣ್ಣ" ಅಂದರು ಭಾಬಿ. "ಅವರು ಕೂಗ್ತಿದ್ದಂಗೆ."

ಮೂವತ್ತು ವರ್ಷ ಅಂಗಡಿ ನಡೆಸಿದರೂ ಒಂದು ದಿನ ಪೇಪರ್ ಪೇಪರ್ ಎಂದು ಕೂಗಿದವನಲ್ಲ ನಾನು. ಎರಡು ಸಲ ಗಂಟಲು ಸರಿಮಾಡಿಕೊಂಡೆ. ಎಡಗೈ ಕಿವಿಗೆ ಹಚ್ಚಿದೆ. ಹೊಳಲ್ಕೆರೆ, ಹೊಸದುರ್ಗ ಎನ್ನುವಷ್ಟರಲ್ಲಿ ದನಿ ಒಡೆಯಿತು, ಶ್ರೀರಾಂಪುರವನ್ನು ಹೇಗೋ ಎಳೆದೆ. ಮುಂದಿನ ಸಾಲಿನವರು ತಿರುಗಿ ನೋಡಿದರು.

ಭಾಬಿ ಬುರ್ಖಾ ಸರಿಮಾಡಿಕೊಂಡು, ಬಸ್ಸು ಬಂತು ಎನ್ನುವ ಹಾಗೆ ಎದ್ದು ನಿಂತರು. "ಹೋಗಾಣ" ಅಂದರು.